ಅರ್ಥಶಾಸ್ತ್ರ ಓದಿದ ಮೇಲೆ ನಾನು ಹಿಡಿದ ಮೂರು ದಾರಿ

ಶಿರಸಿಯಲ್ಲಿ ಬಿ.ಎ. ಮುಗಿಸಿದ ವರ್ಷ ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. "ಅರ್ಥಶಾಸ್ತ್ರ ಓದಿ ಮುಂದೆ ಎಂತ ಮಾಡ್ತೆ?" ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಬ್ಯಾಂಕ್ ಪರೀಕ್ಷೆ, ಕಾಲೇಜಿನಲ್ಲಿ ಪಾಠ, ಕುಟುಂಬಗಳ ಆದಾಯದ ಸರ್ವೆ ಕೆಲಸ, ಮೂರನ್ನೂ ಮಾಡಿ ನೋಡಿದೆ. ಮೂರೂ ಬೇರೆ ಬೇರೆ ಥರ.

ಮೊದಲು ಬ್ಯಾಂಕ್. ಧಾರವಾಡದಲ್ಲಿ ರೂಮ್ ಮಾಡಿ ಒಂದು ವರ್ಷ ಕೋಚಿಂಗ್‌ಗೆ ಹೋದೆ. ಅರ್ಥಶಾಸ್ತ್ರದವರಿಗೆ ಇದು ಸುಲಭ ಅಂದುಕೊಂಡಿದ್ದೆ. ಹಾಗೇನಿಲ್ಲ. ಬ್ಯಾಂಕ್ ಅಧಿಕಾರಿ ಹುದ್ದೆಯ ಪಿಒ (ಪ್ರೊಬೇಷನರಿ ಆಫೀಸರ್) ಪರೀಕ್ಷೆಯನ್ನು ಯಾವ ಡಿಗ್ರಿ ಆದವರೂ ಬರೆಯಬಹುದು. ಮೊದಲ ಹಂತದ ಪ್ರಿಲಿಮ್ಸ್‌ನಲ್ಲಿ ಒಂದು ಗಂಟೆಗೆ 100 ಪ್ರಶ್ನೆ, ಇಂಗ್ಲಿಷ್, ಲೆಕ್ಕ ಮತ್ತು ರೀಸನಿಂಗ್ ಮಾತ್ರ. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ರೆಪೊ ದರ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ), ಹಣದುಬ್ಬರ ಎಲ್ಲ ಬರುವುದು ಎರಡನೇ ಹಂತದ ಮೇನ್ಸ್‌ನಲ್ಲಿ. ಅಲ್ಲಿವರೆಗೆ ಹೋಗಬೇಕಲ್ವಾ? ನಾನು ಎರಡು ಸಲವೂ ಪ್ರಿಲಿಮ್ಸ್‌ನಲ್ಲೇ ನಿಂತೆ. ಬಿ.ಎಸ್ಸಿ. ಗಣಿತ ಓದಿದ್ದ ನನ್ನ ರೂಮ್‌ಮೇಟ್ ಪಾಸಾದಳು.

ಆಮೇಲೆ ಅಲ್ಲೇ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಸೇರಿದೆ. ಪಿಯುಸಿಯಲ್ಲಿ ಗಣಿತಕ್ಕೆ ಹೆದರಿ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ತಗೊಂಡಿದ್ದೆ, ಅದರ ಪೆಟ್ಟು ಇಲ್ಲಿ ಬಿತ್ತು. ಬಿ.ಎ.ಯಲ್ಲಿ ಬೇಡಿಕೆ ರೇಖೆ ಬರೆದು ಬಾಣ ಹಾಕಿದರೆ ಸಾಕಿತ್ತು. ಇಲ್ಲಿ ಅದೇ ರೇಖೆಗೆ ಕ್ಯಾಲ್ಕುಲಸ್ ಬೇಕು, ಅಂಕಿಅಂಶದಿಂದ ಆರ್ಥಿಕ ಸಂಬಂಧ ಅಳೆಯುವ ಇಕಾನಮೆಟ್ರಿಕ್ಸ್‌ಗೆ ರಿಗ್ರೆಷನ್ ಎಂಬ ಲೆಕ್ಕದ ವಿಧಾನ ಬೇಕು. ಮೊದಲ ಸೆಮಿಸ್ಟರ್ ಪೂರ್ತಿ ಹನ್ನೊಂದನೇ ಕ್ಲಾಸಿನ ಗಣಿತ ಪುಸ್ತಕ ಇಟ್ಟುಕೊಂಡು ಕೂತಿದ್ದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಹೆಸರುಗಳದ್ದೂ ಒಂದು ಕಷ್ಟ. ಬೆಲೆ ಬದಲಾದರೆ ಪೂರೈಕೆ ಎಷ್ಟು ಬದಲಾಗುತ್ತದೆ ಅನ್ನುವುದನ್ನು 'ಪೂರೈಕೆಯ ಸ್ಥಿತಿಸ್ಥಾಪಕತ್ವ' ಅಂತ ಬಾಯಿಪಾಠ ಮಾಡಿದ್ದೆ. ಇಲ್ಲಿ ಎಲ್ಲರೂ ಇಲಾಸ್ಟಿಸಿಟಿ ಅನ್ನುತ್ತಿದ್ದರು.

ಆ ಪದ ನಿಜವಾಗಿ ಅರ್ಥವಾಗಿದ್ದು ರಜೆಗೆ ಬಂದಾಗ, ಅಡಿಕೆ ಟೆಂಡರಿನ ದಿನ. ಅಪ್ಪನ 'ರಾಶಿ' (ಬೇಯಿಸಿ ಒಣಗಿಸಿದ ಕೆಂಪಡಿಕೆ) ಮಾರುಕಟ್ಟೆ ಯಾರ್ಡಿನಲ್ಲಿ ಇತ್ತು. ವ್ಯಾಪಾರಸ್ಥರು ಒಂದೊಂದು ಅಡಿಕೆ ಒಡೆದು ನೋಡಿ ಚೀಟಿಯಲ್ಲಿ ರೇಟ್ ಬರೆಯುತ್ತಿದ್ದರು. ರೇಟ್ ಏರಿದರೆ ಬೆಳೆಗಾರರು ಜಾಸ್ತಿ ಬೆಳೆಯುತ್ತಾರೆ ಅಂತ ಪುಸ್ತಕದ ಮಾತು ಹೇಳಿದೆ. "ರೇಟ್ ಏರಿತು ಹೇಳಿ ನಾಳೆನೇ ಮರ ಗೊನೆ ಬಿಡ್ತಾ?" ಅಂದರು ಅಪ್ಪ. ಸಸಿ ನೆಟ್ಟು ಫಸಲು ನೋಡಲು ಐದಾರು ವರ್ಷ ಬೇಕು. ಅಲ್ಲಿವರೆಗೆ ಪೂರೈಕೆ ಹೆಚ್ಚು ಅಲ್ಲಾಡುವುದಿಲ್ಲ. ಮುಂದೆ ಕಾರವಾರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಆದಾಗ ಈ ಪಾಠ ಅಡಿಕೆಯಿಂದಲೇ ಶುರು ಮಾಡುತ್ತಿದ್ದೆ. ಮಕ್ಕಳಿಗೆ ತಕ್ಷಣ ಹಿಡಿಯುತ್ತಿತ್ತು.

ಪಾಠ ಮಾಡುವ ಖುಷಿಗೆ ಸಾಟಿ ಇಲ್ಲ. ಆದರೆ ಖುಷಿಯಿಂದ ಬಾಡಿಗೆ ಕಟ್ಟಲು ಆಗುವುದಿಲ್ಲ. ರಜೆಯಲ್ಲಿ ದುಡ್ಡಿಲ್ಲ. ಒಂದು ಸೆಮಿಸ್ಟರಿನ ಸಂಬಳ ಬಂದಿದ್ದು ನಾಲ್ಕು ತಿಂಗಳು ಬಿಟ್ಟು. ಕಾಯಂ ಹುದ್ದೆಗೆ ಎಂ.ಎ.ಯಲ್ಲಿ 55 ಪರ್ಸೆಂಟ್ ಇರಬೇಕು, ಉಪನ್ಯಾಸಕರ ಅರ್ಹತಾ ಪರೀಕ್ಷೆಯಾದ ನೆಟ್ (ರಾಷ್ಟ್ರಮಟ್ಟದ್ದು) ಅಥವಾ ಕೆಸೆಟ್ (ರಾಜ್ಯದ್ದು) ಆಗಿರಬೇಕು. ನೆಟ್‌ನಲ್ಲಿ ಮೂರು ಗಂಟೆಗೆ 150 ಪ್ರಶ್ನೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ನನಗೆ ಕೆಸೆಟ್ ಆಯಿತು. ಆದರೆ ಹುದ್ದೆ ಕರೆಯುವುದನ್ನೇ ವರ್ಷಗಟ್ಟಲೆ ಕಾಯಬೇಕು.

ಮೂರನೆಯದು ಹುಡುಕದೇ ಸಿಕ್ಕಿದ್ದು. ಮೀನುಗಾರ ಕುಟುಂಬಗಳ ಆದಾಯದ ಸರ್ವೆಗೆ ಜನ ಬೇಕಿತ್ತು. ಮೊದಲ ದಿನ ಕಾರವಾರದ ಬೈತಖೋಲ ಮೀನುಗಾರಿಕಾ ಬಂದರಿನಲ್ಲಿ ಒಣ ಬಂಗಡೆ ಬುಟ್ಟಿ ಮುಂದಿಟ್ಟು ಕೂತಿದ್ದ ಒಬ್ಬರನ್ನು ಕೇಳಿದೆ, "ಅಕ್ಕಾ, ತಿಂಗಳ ಆದಾಯ ಎಷ್ಟು?" ಅವರು ಬುಟ್ಟಿ ಮೇಲಿನ ಪ್ಲಾಸ್ಟಿಕ್ ಸರಿಮಾಡುತ್ತಾ, "ಯಾವ ತಿಂಗಳದ್ದು ಹೇಳ್ಲಿ ತಂಗೀ? ಬೋಟ್ ಹೋಗುವಾಗಿನದ್ದಾ, ದಡದಲ್ಲಿ ಇರುವಾಗಿನದ್ದಾ?" ಅಂದರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟ್ ಕಡಲಿಗೆ ಇಳಿಯುವಂತಿಲ್ಲ. ನಮ್ಮ ಫಾರ್ಮಿನಲ್ಲಿ ಆದಾಯಕ್ಕೆ ಇದ್ದದ್ದು ಒಂದೇ ಕಾಲಂ. ರಾತ್ರಿ ಕೂತು ಹನ್ನೆರಡು ಕಾಲಂ ಮಾಡಿದೆ. ಐದು ವರ್ಷ ಓದಿದ್ದು ಕೈಗೆ ಬಂತು ಅಂತ ಅನಿಸಿದ್ದು ಆ ರಾತ್ರಿ.

ದುಡ್ಡಿನ ಭರವಸೆ ನೋಡಿದರೆ ಬ್ಯಾಂಕೇ ಮುಂದೆ. ಮನೆಯಲ್ಲಿ ಸಾಲ ಇದ್ದರೆ, ಬೇಗ ದುಡಿಯಬೇಕಿದ್ದರೆ ಅದನ್ನೇ ಹಿಡಿಯಿರಿ, ಎಂ.ಎ.ಗೆ ಎರಡು ವರ್ಷ ಕಳೆಯಬೇಡಿ. ಸರ್ವೆ ಕೆಲಸ ಯೋಜನೆ ಇರುವಷ್ಟು ದಿನ ಮಾತ್ರ, ಮುಗಿದ ಮೇಲೆ ಮತ್ತೊಂದು ಹುಡುಕಬೇಕು. ಆದರೂ ನನ್ನ ಆಯ್ಕೆ ಅದೇ. ಓದಿದ ಅರ್ಥಶಾಸ್ತ್ರ ದಿನಾ ಬಳಕೆಗೆ ಬರುವುದು ಅಲ್ಲೇ. ಎಕ್ಸೆಲ್ ಚೆನ್ನಾಗಿ ಬಂದರೆ, ಜೊತೆಗೆ ಅಂಕಿಅಂಶ ವಿಶ್ಲೇಷಿಸುವ ಸಾಫ್ಟ್‌ವೇರ್ ಸ್ಟಾಟಾ ಅಥವಾ 'ಆರ್' ಕಲಿತರೆ, ಬೆಂಗಳೂರಿನ ಕೆಲಸವನ್ನೂ ಕೇಳಬಹುದು. ಕೇಂದ್ರ ಸರ್ಕಾರದ ಅರ್ಥಶಾಸ್ತ್ರಜ್ಞರ ಸೇವೆಯಾದ ಇಂಡಿಯನ್ ಎಕನಾಮಿಕ್ ಸರ್ವಿಸ್‌ನ ಪರೀಕ್ಷೆ ನಾನು ಬರೆದಿಲ್ಲ. ಯುಪಿಎಸ್‌ಸಿ ನಡೆಸುವ ಈ ಪರೀಕ್ಷೆಗೆ ಅರ್ಥಶಾಸ್ತ್ರದ ಸ್ನಾತಕೋತ್ತರ ಡಿಗ್ರಿ ಬೇಕು, ವಯಸ್ಸು 21ರಿಂದ 30. ನನಗೆ ಆ ವಿಷಯ ತಿಳಿಯುವಾಗ ತಡವಾಗಿತ್ತು. ಎಂ.ಎ. ಸೇರಿದ ದಿನವೇ ಅದರ ಹಳೇ ಪ್ರಶ್ನೆಪತ್ರಿಕೆ ತೆಗೆದು ನೋಡಿ.

ಅಣ್ಣನ ಮಗಳು ಈ ವರ್ಷ ಪಿಯುಸಿಗೆ ಸೇರಿದಳು. ಅರ್ಥಶಾಸ್ತ್ರದ ಜೊತೆ ಸ್ಟ್ಯಾಟಿಸ್ಟಿಕ್ಸ್ ಇರುವ ಕಾಂಬಿನೇಷನ್ನೇ ತಗೋ ಅಂತ ಹಟ ಹಿಡಿದು ಕೊಡಿಸಿದೆ. ಹೋದ ಭಾನುವಾರ ಇಬ್ಬರೂ ಜಗಲಿಯಲ್ಲಿ ಕೂತು ಅಪ್ಪನ ಹತ್ತು ವರ್ಷದ ಅಡಿಕೆ ಮಾರಿದ ಪಟ್ಟಿಗಳನ್ನು ಹರಡಿಕೊಂಡು ಸರಾಸರಿ ರೇಟ್ ತೆಗೆದೆವು. ಅಪ್ಪ ಪಕ್ಕದಲ್ಲಿ ಕೂತು ತಾರೀಕು ಓದಿ ಹೇಳುತ್ತಿದ್ದರು.