ಸಕ್ಯೂಬಿಟ್ರಿಲ್-ವಲ್ಸಾರ್ಟಾನ್ ಮಾತ್ರೆ: ಔಷಧ ಒಳ್ಳೆಯದೇ, ಅದರ ಜೊತೆ ಇನ್ನೇನು ನುಂಗುತ್ತಿದ್ದೀರಿ ನೋಡಿಕೊಳ್ಳಿ

ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ. ಕಡಿಮೆಯಾದ ಆ ಒಂದು ನಕ್ಷತ್ರ ಔಷಧದ ಗುಣಕ್ಕಲ್ಲ, ಪ್ಯಾಕ್ ಮೇಲಿನ ಅಂಕಿಗಳ ಗೊಂದಲಕ್ಕೆ.

ಅಮ್ಮನಿಗೆ ಹಾರ್ಟ್ ಫೇಲ್ಯೂರ್ ಇದೆ. ಹೃದಯ ರಕ್ತವನ್ನು ಪಂಪ್ ಮಾಡುವ ಶಕ್ತಿ ಕಡಿಮೆಯಾಗಿದೆ. ಮೊದಲು ಎನಲಾಪ್ರಿಲ್ ತೆಗೆದುಕೊಳ್ಳುತ್ತಿದ್ದರು, ಹೃದಯದ ಡಾಕ್ಟರು ಅದನ್ನು ಬಿಡಿಸಿ ಇದಕ್ಕೆ ಬದಲಾಯಿಸಿದರು. ಮಾತ್ರೆ ಡಬ್ಬಿ ತುಂಬಿಸುವುದು, ಬಿಪಿ ಬರೆದಿಡುವುದು, ರಕ್ತಪರೀಕ್ಷೆ ನೆನಪಿಸುವುದು ಎಲ್ಲ ನನ್ನ ಕೆಲಸ. ಈಗ ಅಮ್ಮನಿಗೆ ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆ, ಕಾಲಿನ ಊತವೂ ಇಳಿದಿದೆ. ಎಲ್ಲ ಈ ಒಂದೇ ಮಾತ್ರೆಯಿಂದ ಅಂತ ಹೇಳಲಾರೆ, ಜೊತೆಗೆ ಬೇರೆ ಔಷಧಗಳೂ ಇವೆ.

ಇದು ಎರಡು ಔಷಧ ಸೇರಿದ ಮಾತ್ರೆ. ಮೊದಲು ಬಂದದ್ದು ನೊವಾರ್ಟಿಸ್ ಕಂಪನಿಯ ಎಂಟ್ರೆಸ್ಟೋ, ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2015ರಲ್ಲಿ. ಈಗ ಬೇರೆ ಬೇರೆ ಹೆಸರಿನಲ್ಲೂ ಬರುತ್ತದೆ, ಹಾಗಾಗಿ ಬ್ರ್ಯಾಂಡ್ ಹೆಸರಿಗಿಂತ ಒಳಗಿನ ಎರಡು ಔಷಧಗಳ ಹೆಸರು ಓದುವ ಅಭ್ಯಾಸ ಇಟ್ಟುಕೊಳ್ಳಿ. ವಲ್ಸಾರ್ಟಾನ್ ರಕ್ತನಾಳಗಳನ್ನು ಸಡಿಲ ಮಾಡುತ್ತದೆ. ಹೃದಯದ ಮೇಲೆ ಒತ್ತಡ ಬಿದ್ದಾಗ ಉಪ್ಪು-ನೀರು ಹೊರಹಾಕಲು ನಮ್ಮ ದೇಹವೇ ಕೆಲವು ವಸ್ತುಗಳನ್ನು ಮಾಡಿಕೊಳ್ಳುತ್ತದೆ, ಅವನ್ನು ನೆಪ್ರಿಲೈಸಿನ್ ಅನ್ನುವ ಕಿಣ್ವ ಒಡೆದು ಹಾಕುತ್ತದೆ, ಸಕ್ಯೂಬಿಟ್ರಿಲ್ ಆ ಕಿಣ್ವವನ್ನು ತಡೆಯುತ್ತದೆ. 2014ರಲ್ಲಿ ಬಂದ ಪ್ಯಾರಡೈಮ್-ಎಚ್‌ಎಫ್ ಅಧ್ಯಯನದಲ್ಲಿ 8 ಸಾವಿರಕ್ಕೂ ಜಾಸ್ತಿ ರೋಗಿಗಳಲ್ಲಿ ಇದನ್ನು ಎನಲಾಪ್ರಿಲ್ ಜೊತೆ ಹೋಲಿಸಿ ನೋಡಿದ್ದರು. ಹೃದಯ-ರಕ್ತನಾಳದ ಕಾರಣದಿಂದ ಸಾಯುವ ಅಥವಾ ಹಾರ್ಟ್ ಫೇಲ್ಯೂರ್‌ನಿಂದ ಆಸ್ಪತ್ರೆ ಸೇರುವ ಅಪಾಯ ಶೇ. 20ರಷ್ಟು ಕಡಿಮೆ ಬಂತು. ಅದರಲ್ಲಿದ್ದವರು ಅಮ್ಮನ ಹಾಗೆ ಪಂಪಿಂಗ್ ಕಡಿಮೆಯಾದವರು.

ಈಗ ಮುಖ್ಯ ವಿಷಯ, 36 ಗಂಟೆ. ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೋಪ್ರಿಲ್, ಪೆರಿಂಡೋಪ್ರಿಲ್, ಹೀಗೆ ‘ಪ್ರಿಲ್’ ಅಂತ ಕೊನೆಯಾಗುವ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಕೊನೆಯ ಡೋಸ್ ಆದ ಮೇಲೆ 36 ಗಂಟೆ ಕಳೆಯದೆ ಇದನ್ನು ಶುರು ಮಾಡಬಾರದು. ಇದರಿಂದ ವಾಪಸ್ ಅದಕ್ಕೆ ಹೋಗುವಾಗಲೂ ಅಷ್ಟೇ ಅಂತರ. ಸುಮ್ನೆ ಹಾಕಿದ ನಿಯಮ ಅಲ್ಲ ಇದು. ದೇಹದಲ್ಲಿ ಬ್ರಾಡಿಕೈನಿನ್ ಅನ್ನುವ ವಸ್ತುವನ್ನು ಒಡೆಯುವ ಒಂದು ದಾರಿಯನ್ನು ಪ್ರಿಲ್ ಮುಚ್ಚುತ್ತದೆ, ಇನ್ನೊಂದನ್ನು ಸಕ್ಯೂಬಿಟ್ರಿಲ್ ಮುಚ್ಚುತ್ತದೆ, ಎರಡೂ ಒಟ್ಟಿಗೆ ಮುಚ್ಚಿದರೆ ಅದು ತುಂಬಿಕೊಂಡು ತುಟಿ, ನಾಲಿಗೆ, ಮುಖ, ಗಂಟಲು ಊದಿಕೊಳ್ಳಬಹುದು. ಗಂಟಲು ಊದಿದರೆ ಉಸಿರೇ ಕಟ್ಟುತ್ತದೆ. ಅಂಥ ಊತ ಕಂಡರೆ ಮುಂದಿನ ಡೋಸ್ ಬೇಡವೇ ಬೇಡ, ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ. ಮೊದಲು ಯಾವಾಗಲಾದರೂ ಪ್ರಿಲ್ ಅಥವಾ ಸಾರ್ಟಾನ್ (ವಲ್ಸಾರ್ಟಾನ್, ಲೋಸಾರ್ಟಾನ್ ಥರದ) ಮಾತ್ರೆಯಿಂದ ಹೀಗೆ ಊತ ಬಂದಿದ್ದವರಿಗೆ ಈ ಔಷಧ ಕೊಡುವುದೇ ಇಲ್ಲ. ಎಷ್ಟು ಹಳೆಯ ಘಟನೆ ಆದರೂ ಡಾಕ್ಟರಿಗೆ ಹೇಳಿ.

ನನಗೆ ಭಯ ಆಗುವುದು ಹಳೇ ಸ್ಟ್ರಿಪ್‌ಗಳದ್ದು. ಡಾಕ್ಟರು ನಿಲ್ಲಿಸಿದ ಪ್ರಿಲ್ ಮಾತ್ರೆ ಮನೆಯ ಡ್ರಾಯರ್‌ನಲ್ಲಿ ಹಾಗೇ ಇರುತ್ತದೆ, ವಯಸ್ಸಾದವರಿಗೆ ಅಭ್ಯಾಸಬಲದಿಂದ ಕೈ ಅಲ್ಲಿಗೇ ಹೋಗುತ್ತದೆ. ಇನ್ನೊಂದು ಸಮಸ್ಯೆ, ನೀರಿನ ಮಾತ್ರೆ (ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವ ಮಾತ್ರೆ) ಜೊತೆ ಪ್ರಿಲ್ ಸೇರಿಸಿದ ಮಾತ್ರೆಗಳೂ ಇವೆ, ದೊಡ್ಡ ಅಕ್ಷರದ ಹೆಸರು ನೋಡಿದರೆ ಒಳಗೆ ಪ್ರಿಲ್ ಇದೆ ಅಂತ ಗೊತ್ತೇ ಆಗುವುದಿಲ್ಲ. ಹಾಗಾಗಿ ನಿಲ್ಲಿಸಿದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಅದೇ ದಿನ ಡಬ್ಬಿಯಿಂದ ತೆಗೆಯಿರಿ. ಲೋಸಾರ್ಟಾನ್, ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುತ್ತಿದ್ದವರಿಗೆ ಈ 36 ಗಂಟೆಯ ಅಂತರ ಬೇಕಿಲ್ಲ, ಆದರೆ ಎರಡನ್ನೂ ಜೊತೆಗೆ ತೆಗೆದುಕೊಳ್ಳುವ ಹಾಗಿಲ್ಲ, ಇದರೊಳಗೆ ಆಗಲೇ ಒಂದು ಸಾರ್ಟಾನ್ ಇದೆ ಅಲ್ವಾ.

ನಕ್ಷತ್ರ ಕಡಿಮೆ ಮಾಡಿಸಿದ ಅಂಕಿಗಳ ವಿಷಯಕ್ಕೆ ಬರುತ್ತೇನೆ. ಇದು ಮೂರು ಅಳತೆಯಲ್ಲಿ ಸಿಗುತ್ತದೆ: 24/26, 49/51, 97/103 ಮಿಲಿಗ್ರಾಂ. ಕೆಲವು ಕಡೆ ಇದೇ ಮಾತ್ರೆಗಳನ್ನು ಎರಡೂ ಕೂಡಿಸಿ 50, 100, 200 ಅಂತ ಬರೆಯುತ್ತಾರೆ. ಚೀಟಿಯಲ್ಲಿ 50 ಅಂತಿದ್ದು ಪ್ಯಾಕ್ ಮೇಲೆ 49/51 ಅಂತಿದ್ದರೆ ಯಾರಾದರೂ ಸರಿಯಾಗೇ ಇದೆ ಅಂದುಕೊಳ್ಳುತ್ತಾರೆ. ಆದರೆ ಅದು 100ರ ಮಾತ್ರೆ, ಎರಡು ಪಟ್ಟು! ಬಿಪಿ ಕುಸಿಯುವ ರೋಗಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ. ಔಷಧ ಕೈಗೆ ಬಂದಾಗಲೆಲ್ಲ ಎರಡೂ ಅಂಕಿ ಕೂಡಿಸಿ ಚೀಟಿಯ ಜೊತೆ ಹೋಲಿಸಿ, ಅನುಮಾನ ಬಂದರೆ ಕೌಂಟರ್‌ನಲ್ಲೇ ಕೇಳಿ. ಇನ್ನೊಂದು ಮಾತು, ಇದರೊಳಗಿನ 103 ಮಿಲಿಗ್ರಾಂ ವಲ್ಸಾರ್ಟಾನ್ ಬೇರೆ ವಲ್ಸಾರ್ಟಾನ್ ಮಾತ್ರೆಯ 160ಕ್ಕೆ ಸಮ, ಯಾಕಂದರೆ ಇದರಲ್ಲಿ ಅದು ದೇಹಕ್ಕೆ ಜಾಸ್ತಿ ಸೇರುತ್ತದೆ. ಸ್ಟಾಕ್ ಇಲ್ಲ ಅಂತ ಮನೆಯಲ್ಲೇ ಲೆಕ್ಕ ಹಾಕಿ ಬದಲಿ ಮಾತ್ರೆ ನುಂಗಿಸಬೇಡಿ.

ದಿನಕ್ಕೆ ಎರಡು ಸಲ, ಊಟಕ್ಕೆ ಮುಂಚೆ ಆದರೂ ಸರಿ, ಆಮೇಲೆ ಆದರೂ ಸರಿ. ಸಾಮಾನ್ಯವಾಗಿ 2ರಿಂದ 4 ವಾರಕ್ಕೊಮ್ಮೆ, ದೇಹ ತಡೆದುಕೊಂಡರೆ, ಡಾಕ್ಟರು ಡೋಸ್ ಹೆಚ್ಚಿಸುತ್ತಾರೆ. ಕಿಡ್ನಿ ತುಂಬಾ ದುರ್ಬಲ ಇದ್ದವರಿಗೆ ಕಡಿಮೆಯಿಂದ ಶುರು. ಒಂದು ಡೋಸ್ ಮರೆತರೆ ನೆನಪಾದಾಗ ತೆಗೆದುಕೊಳ್ಳಿ, ಮುಂದಿನದಕ್ಕೆ ಸಮಯ ಹತ್ತಿರ ಬಂದಿದ್ದರೆ ಬಿಟ್ಟುಬಿಡಿ, ಎರಡು ಒಟ್ಟಿಗೆ ಬೇಡ.

ಶುರುವಿನಲ್ಲಿ ಅಮ್ಮನಿಗೆ ಎದ್ದು ನಿಂತರೆ ತಲೆ ಸುತ್ತುತ್ತಿತ್ತು. ಬಿಪಿ ಇಳಿಯುವುದು ಇದರ ಸಾಮಾನ್ಯ ಅಡ್ಡಪರಿಣಾಮ. ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು ಆಮೇಲೆ ಏಳುವುದನ್ನು ರೂಢಿ ಮಾಡಿಸಿದೆವು. ತಲೆಸುತ್ತಿಗೆ ಹೆದರಿ ಮಾತ್ರೆ ನಿಲ್ಲಿಸುವವರು ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಫೋನ್ ಮಾಡಿ ಬಿಪಿ ಹೇಳಿ. ಅಮ್ಮನಿಗೆ ಡಾಕ್ಟರು ನೀರಿನ ಮಾತ್ರೆಯನ್ನಷ್ಟೇ ಸ್ವಲ್ಪ ಕಡಿಮೆ ಮಾಡಿದರು, ಈ ಔಷಧ ಹಾಗೇ ಮುಂದುವರಿಯಿತು. ವಾಂತಿ-ಭೇದಿ ಆದ ದಿನ ಮಾತ್ರ ಕಾಯಬೇಡಿ, ನೀರಿನಂಶ ಹೋದರೆ ಬಿಪಿ ಮತ್ತು ಕಿಡ್ನಿ ಎರಡೂ ಕೆಡುತ್ತವೆ. ಅವತ್ತೇ ಡಾಕ್ಟರನ್ನು ಕೇಳಿ.

ಪೊಟ್ಯಾಸಿಯಂ ಬಗ್ಗೆ ಯಾರೂ ಸಾಕಷ್ಟು ಹೇಳುವುದಿಲ್ಲ ಅನ್ನುವುದು ನನ್ನ ದೂರು. ಈ ಔಷಧ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಹುದು. ಜಾಸ್ತಿಯಾದರೆ ಹೃದಯದ ಬಡಿತವೇ ಏರುಪೇರಾಗುತ್ತದೆ, ಅದೂ ಮೊದಲೇ ಏನೂ ಸೂಚನೆ ಕೊಡದೆ. ಹಾರ್ಟ್ ಫೇಲ್ಯೂರ್ ಇದೆ, ಉಪ್ಪು ಕಡಿಮೆ ಮಾಡಿ ಅನ್ನುತ್ತಾರೆ, ಮನೆಯವರು ಪ್ರೀತಿಯಿಂದ ‘ಕಡಿಮೆ ಸೋಡಿಯಂ ಉಪ್ಪು’ ತರುತ್ತಾರೆ, ಅಂಥ ಎಷ್ಟೋ ಪ್ಯಾಕೆಟ್‌ಗಳಲ್ಲಿ ಸೋಡಿಯಂ ಬದಲು ಇರುವುದು ಪೊಟ್ಯಾಸಿಯಂ ಕ್ಲೋರೈಡ್. ಪೊಟ್ಯಾಸಿಯಂ ಏರಿಸುವ ನೀರಿನ ಮಾತ್ರೆ ಸ್ಪೈರೋನೊಲ್ಯಾಕ್ಟೋನ್ ಕೂಡ ಇದ್ದರೆ ಇನ್ನೂ ಹುಷಾರು. ಔಷಧ ಶುರುವಾದ ಅಥವಾ ಡೋಸ್ ಬದಲಾದ ಮೇಲೆ ಒಂದೆರಡು ವಾರದಲ್ಲಿ ಪೊಟ್ಯಾಸಿಯಂ ಮತ್ತು ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ಬರೆಯುತ್ತಾರೆ. ಚೆನ್ನಾಗಿದ್ದೇನೆ ಅನ್ನಿಸಿದರೂ ತಪ್ಪಿಸಬೇಡಿ.

ಮಂಡಿ ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಾವೇ ತೆಗೆದುಕೊಳ್ಳುವವರಿಗೂ ಹೇಳಬೇಕು: ಅವು ಮೈಯಲ್ಲಿ ನೀರು ನಿಲ್ಲಿಸುತ್ತವೆ, ಈ ಮಾತ್ರೆ ಜೊತೆ ಸೇರಿದರೆ ಕಿಡ್ನಿಗೂ ಪೆಟ್ಟು. ಯಾವ ನೋವಿನ ಮಾತ್ರೆ ಆಗುತ್ತದೆ ಅಂತ ಕೇಳಿಯೇ ತೆಗೆದುಕೊಳ್ಳಿ. ಗರ್ಭಿಣಿಯರಿಗೆ ಈ ಔಷಧ ಕೂಡದು, ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಲಿವರ್ ತೀರಾ ಕೆಟ್ಟವರಿಗೂ ಸಲಹೆ ಮಾಡುವುದಿಲ್ಲ.

ಕೊನೆಗೆ ಲ್ಯಾಬ್ ವರದಿಯ ವಿಷಯ. ಹೃದಯದ ಮೇಲಿನ ಒತ್ತಡ ತಿಳಿಯಲು ಬಿಎನ್‌ಪಿ ಅನ್ನುವ ರಕ್ತಪರೀಕ್ಷೆ ಇದೆ, ದೇಹವೇ ಮಾಡಿಕೊಳ್ಳುವ ವಸ್ತುಗಳು ಅಂದೆನಲ್ಲ, ಬಿಎನ್‌ಪಿ ಅವುಗಳಲ್ಲಿ ಒಂದು. ನೆಪ್ರಿಲೈಸಿನ್ ತಡೆಯುವುದರಿಂದ ಬಿಎನ್‌ಪಿ ಒಡೆಯದೆ ಉಳಿದು ಅಂಕಿ ಏರಬಹುದು, ಕಾಯಿಲೆ ಜಾಸ್ತಿಯಾಗಿದೆ ಅಂತ ಮನೆಯವರಿಗೆ ಗಾಬರಿ. ಎನ್‌ಟಿ-ಪ್ರೊಬಿಎನ್‌ಪಿ ಅನ್ನುವ ಇನ್ನೊಂದು ಪರೀಕ್ಷೆಗೆ ಈ ತೊಂದರೆ ಇಲ್ಲ, ಆ ಕಿಣ್ವ ಅದನ್ನು ಒಡೆಯುವುದಿಲ್ಲ. ರಕ್ತ ಕೊಡುವ ಮೊದಲೇ ಯಾವುದನ್ನು ಬರೆದಿದ್ದಾರೆ ಅಂತ ನೋಡಿ, ಈ ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನು ತಿಳಿಸಿ.