ಲ್ಯಾಮಿಂಗ್ಟನ್ ರೋಡಿನ ಡೇಟಾ ರಿಕವರಿ: ಯಾವ ಕಾಯಿಲೆಗೆ ಯಾವ ಕೌಂಟರ್

ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಸ್ವಲ್ಪವೇ ದೂರದಲ್ಲಿ ಲ್ಯಾಮಿಂಗ್ಟನ್ ರೋಡ್. ಕಾಗದಪತ್ರದಲ್ಲಿ ಅದು ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ, ಆದರೆ ಆ ಹೆಸರು ಹಿಡಿದು ಕೇಳುವವರು ಕಡಿಮೆ. ಬೆಂಗಳೂರಿಗೆ ಎಸ್.ಪಿ. ರೋಡ್ ಹೇಗೋ ಮುಂಬಯಿಗೆ ಇದು ಹಾಗೆ. ಇಲ್ಲಿ ‘ಡೇಟಾ ರಿಕವರಿ’ ಎಂದು ಬೋರ್ಡು ತಗುಲಿಸಿಕೊಂಡವರೆಲ್ಲ ಒಂದೇ ಕೆಲಸ ಬಲ್ಲವರಲ್ಲ. ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ, ಅಳಿಸಿಹೋದ ಅಥವಾ ಫಾರ್ಮ್ಯಾಟ್ ಆದ ಡಿಸ್ಕಿಗೆ ಈ ಬೀದಿ ಸಾಕು. ಡಿಸ್ಕಿನ ಅಡಿಯ ಸರ್ಕ್ಯೂಟ್ ಬೋರ್ಡು ಸುಟ್ಟಿದ್ದರಂತೂ ಕಣ್ಣು ಮುಚ್ಚಿ ಇಲ್ಲಿಗೇ ಬರಬಹುದು. ಕಟ್ ಕಟ್ ಎನ್ನುವ ಡಿಸ್ಕನ್ನು ಮಾತ್ರ ಇಲ್ಲಿನ ಸಾಮಾನ್ಯ ಕೌಂಟರಿನ ಮೇಲೆ ಇಡಬೇಡಿ.

ಡೊಂಬಿವಲಿಯಿಂದಲೋ ಮೀರಾ ರೋಡಿನಿಂದಲೋ ಲೋಕಲ್ ಹಿಡಿಯುವ ಮುನ್ನ ಡಿಸ್ಕಿಗೆ ಒಂದೇ ಸಲ ಕರೆಂಟ್ ಕೊಟ್ಟು ಕಿವಿಗೊಡಿ. ಒಂದೇ ಸಮನೆ ತಿರುಗುತ್ತಿದ್ದು, ವಿಂಡೋಸ್ ‘ಫಾರ್ಮ್ಯಾಟ್ ಮಾಡಿ’ ಎಂದು ಕೇಳುತ್ತಿದ್ದರೆ ಫೈಲ್ ಸಿಸ್ಟಮ್ (ಫೈಲುಗಳ ಲೆಕ್ಕ ಇಡುವ ವ್ಯವಸ್ಥೆ) ಕೆಟ್ಟಿದೆ, ಇಲ್ಲವೇ ಸೆಕ್ಟರುಗಳು (ಡೇಟಾ ಕೂರುವ ಪುಟ್ಟ ಖಾನೆಗಳು) ಕೆಡುತ್ತಿವೆ. ಸದ್ದೂ ಇಲ್ಲ, ನಡುಕವೂ ಇಲ್ಲ ಎಂದರೆ ಬೋರ್ಡಿನ ಮೇಲೆ ಅನುಮಾನ. ತಾಳ ಹಾಕಿದಂತೆ ಕಟಕಟಿಸಿ ಕೊನೆಗೆ ನಿಂತೇಹೋದರೆ ಹೆಚ್ಚಿನ ಸಲ ಹೆಡ್, ಅಂದರೆ ಡೇಟಾ ಓದುವ ತುದಿ, ಹೋಗಿರುತ್ತದೆ. ತಿರುಗದೆ ಸಣ್ಣಗೆ ಬೀಪ್ ಎನ್ನುತ್ತಿದ್ದರೆ ಹೆಡ್ ಪ್ಲ್ಯಾಟರಿಗೆ (ಡೇಟಾ ಇರುವ ತಟ್ಟೆಗೆ) ಅಂಟಿಕೊಂಡಿದೆ ಅಥವಾ ಮೋಟಾರ್ ಬಿಗಿದುಕೊಂಡಿದೆ. ಕೊನೆಯ ಎರಡು ಲಕ್ಷಣ ಕಂಡರೆ ಪ್ಲಗ್ ಕಿತ್ತು ಹಾಗೇ ಬಿಡಿ, ಇನ್ನೊಮ್ಮೆ ನೋಡೋಣ ಎನ್ನಬೇಡಿ. ಡಿಸ್ಕನ್ನು ಫ್ರೀಜರಿನಲ್ಲಿಡುವ ಹಳೆಯ ಉಪಾಯ ಈ ಊರಿನ ತೇವದ ಗಾಳಿಯಲ್ಲಿ ಶುದ್ಧ ಅಪಾಯ: ಹೊರಗೆ ತೆಗೆದ ಕೂಡಲೇ ನೀರಿನ ಪಸೆ ಕಟ್ಟುತ್ತದೆ.

ಎಷ್ಟೋ ಸಲ ಕಾಯಿಲೆ ಡಿಸ್ಕಿನದೇ ಆಗಿರುವುದಿಲ್ಲ. ಡಿಸ್ಕು ಓದಲು ಬರುವಂತಿದ್ದರೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ತೆರೆದು ನಾಲ್ಕು ಸಾಲು ನೋಡಿ. 05 ಎಂದರೆ ಬದಲಿ ಜಾಗಕ್ಕೆ ಹೋದ ಸೆಕ್ಟರುಗಳು, ಸಿ5 ಎಂದರೆ ಓದಲಾಗದೆ ಬಾಕಿ ಉಳಿದವು, ಸಿ6 ಎಂದರೆ ತಪಾಸಣೆಯಲ್ಲೂ ಸರಿಹೋಗದವು. ಸಿ7, ಅಂದರೆ ಡೇಟಾ ಸಾಗಿಸುವಾಗಿನ ತಪ್ಪುಗಳು, ಒಂದೇ ಏರುತ್ತಿದ್ದರೆ ಕೇಬಲ್ ಬದಲಿಸಿ ನೋಡಿ, ಅಷ್ಟರಲ್ಲೇ ಮುಗಿಯಬಹುದು. ಈ ತಂತ್ರಾಂಶ ಕಚ್ಚಾ ಅಂಕಿಗಳನ್ನು ಮಾಮೂಲಾಗಿ ಹದಿನಾರರ ಎಣಿಕೆಯಲ್ಲಿ ತೋರಿಸುತ್ತದೆ. ಅಲ್ಲಿ 10 ಎಂದು ಕಂಡರೆ ಅದು 16. ಇನ್ನೊಂದು ವಿಷಯ ಡೆಸ್ಕ್‌ಟಾಪ್ ಗಾತ್ರದ ಎಕ್ಸ್‌ಟರ್ನಲ್ ಡಿಸ್ಕಿನದು. ಪೆಟ್ಟಿಗೆ ಕೆಟ್ಟಿತೆಂದು ಒಳಗಿನ ಡ್ರೈವ್ ಬಿಚ್ಚಿ ನೇರವಾಗಿ ಸಾಟಾ ಕೇಬಲಿಗೆ ಹಾಕಿದರೆ ಕೆಲವು ಖಾಲಿ ಇದ್ದಂತೆ ಕಾಣುತ್ತವೆ. ಪೆಟ್ಟಿಗೆಯಲ್ಲಿ ಯುಎಸ್‌ಬಿಗೂ ಡ್ರೈವಿಗೂ ನಡುವೆ ಇರುವ ಬ್ರಿಜ್ ಚಿಪ್ 512 ಬೈಟಿನ ಸೆಕ್ಟರನ್ನು 4096 ಬೈಟಿನದಾಗಿ ತೋರಿಸುತ್ತಿದ್ದುದೇ ಕಾರಣ. ಅದೇ ಮಾದರಿಯ ಪೆಟ್ಟಿಗೆಗೆ ಮರಳಿಸಿದರೆ ಎಲ್ಲ ಫೋಲ್ಡರೂ ಮೊದಲಿನಂತೆ. ಇದನ್ನು ತಾನಾಗಿಯೇ ಕೇಳಿ ತಿಳಿದುಕೊಳ್ಳುವ ಅಂಗಡಿಯವನು ಕೆಲಸ ಬಲ್ಲವನು.

ಈಗ ಅಸಲು ಪರೀಕ್ಷೆ. ಸಿ5 ಏರಿರುವ ಡಿಸ್ಕನ್ನು ಕೊಟ್ಟಾಗ ಅಂಗಡಿ ಮೊದಲು ಏನು ಮಾಡುತ್ತದೆ? ವಿಂಡೋಸಿಗೆ ಹಾಕಿ ನೇರವಾಗಿ ಸ್ಕ್ಯಾನ್ ಹಚ್ಚಿದರೆ, ಇಲ್ಲವೇ ವಿಂಡೋಸಿನದೇ ದುರಸ್ತಿ ಸಾಧನ ಚೆಕ್‌ಡಿಸ್ಕ್ ಓಡಿಸಿದರೆ, ಡಿಸ್ಕನ್ನು ಹಿಂದಕ್ಕೆ ಕೇಳಿ ಪಡೆಯಿರಿ. ಚೆಕ್‌ಡಿಸ್ಕಿಗೆ ಬೇಕಾದದ್ದು ಫೈಲ್ ಸಿಸ್ಟಮಿನ ಲೆಕ್ಕ ಸರಿಹೋಗುವುದು, ನಿಮ್ಮ ಫೈಲು ಉಳಿಯುವುದಲ್ಲ. ಲೆಕ್ಕಕ್ಕೆ ಸಿಗದ ತುಣುಕುಗಳನ್ನು ಹೆಸರು ಅಳಿಸಿ ಬೇರೆ ಫೋಲ್ಡರಿಗೆ ಸುರಿಯುತ್ತದೆ, ಅದೂ ಆ ಸಾಯುತ್ತಿರುವ ಡಿಸ್ಕಿನ ಮೇಲೆಯೇ ಬರೆದು. ಸರಿಯಾದ ಕ್ರಮದಲ್ಲಿ ಮೊದಲ ಕೆಲಸ ಇಮೇಜ್: ಡಿಸ್ಕಿನ ಎಲ್ಲ ಸೆಕ್ಟರನ್ನೂ ಇನ್ನೊಂದು ಡಿಸ್ಕಿಗೆ ಇದ್ದದ್ದು ಇದ್ದ ಹಾಗೆ ಇಳಿಸಿಕೊಂಡು, ಉಳಿದ ಹುಡುಕಾಟವನ್ನೆಲ್ಲ ಆ ಪ್ರತಿಯ ಮೇಲೆ ನಡೆಸುವುದು. ಒಳ್ಳೆಯ ಅಂಗಡಿಯಲ್ಲಿ ಇದಕ್ಕೆ ಪಿಸಿ-3000 ಅಥವಾ ಡೀಪ್‌ಸ್ಪಾರ್ ಎಂಬ ಹಾರ್ಡ್‌ವೇರ್ ಇರುತ್ತದೆ. ಅದು ಓದಲಾಗದ ಸೆಕ್ಟರಿನ ಮುಂದೆ ಕಾದು ಕೂರದೆ ಕೆಲವೇ ಮಿಲಿಸೆಕೆಂಡಿನಲ್ಲಿ ಕೈಬಿಟ್ಟು ಮುಂದೆ ಸರಿಯಬಲ್ಲದು, ಡ್ರೈವ್ ಸ್ತಬ್ಧವಾದರೆ ತಾನೇ ಕರೆಂಟ್ ಕಡಿದು ಮತ್ತೆ ಕೊಡಬಲ್ಲದು, ಚೆನ್ನಾಗಿರುವ ಹೆಡ್‌ಗಳ ಪಾಲನ್ನು ಮೊದಲು ಓದಿ ದುರ್ಬಲ ಹೆಡ್ಡನ್ನು ಕೊನೆಗೆ ಇಟ್ಟುಕೊಳ್ಳಬಲ್ಲದು. ‘ಇಮೇಜ್ ಯಾವುದರಲ್ಲಿ ತೆಗೆಯುತ್ತೀರಿ’ ಎಂದು ಕೇಳಿ. ಯಂತ್ರ ಕಣ್ಣಿಗೆ ಬಿದ್ದರೆ ಸರಿ. ‘ಸಬ್ ಹೋ ಜಾಯೇಗಾ’ ಎಂಬ ಉತ್ತರ ಬಂದರೆ ಮುಂದಿನ ಅಂಗಡಿಗೆ ನಡೆಯಿರಿ.

ಡಿಸ್ಕು ಸದ್ದಿಲ್ಲದೆ ತಿರುಗುತ್ತಿದ್ದು ಕೆಟ್ಟ ಸೆಕ್ಟರು ಬೆರಳೆಣಿಕೆಯಷ್ಟೇ ಇದ್ದರೆ ಈ ಕೆಲಸವನ್ನು ಮನೆಯಲ್ಲೇ ಪುಕ್ಕಟೆಯಾಗಿ ಮಾಡಬಹುದು. ಪೆನ್‌ಡ್ರೈವಿನಿಂದ ಲಿನಕ್ಸ್ ಹಚ್ಚಿ, ಗ್ನು ಡಿಡಿರೆಸ್ಕ್ಯೂ ಎಂಬ ಇಮೇಜ್ ತೆಗೆಯುವ ತಂತ್ರಾಂಶ ಬಳಸಿ. ಮೂಲಕ್ಕಿಂತ ದೊಡ್ಡ ಡಿಸ್ಕು ಎದುರಿಗಿರಲಿ. ಮೊದಲ ಸುತ್ತಿನಲ್ಲಿ ‘ಹೈಫನ್ ಎನ್’ ಕೊಟ್ಟರೆ ಕೆಟ್ಟ ಜಾಗವನ್ನು ಕೆರೆಯದೆ ಸಲೀಸಾಗಿ ಬರುವುದನ್ನೆಲ್ಲ ಬಾಚಿಕೊಳ್ಳುತ್ತದೆ. ಎರಡನೆಯ ಸುತ್ತಿನಲ್ಲಿ ‘ಹೈಫನ್ ಡಿ’ ಜೊತೆಗೆ ‘ಹೈಫನ್ ಆರ್ 3’, ಅಂದರೆ ಉಳಿದದ್ದಕ್ಕೆ ಮೂರು ಪ್ರಯತ್ನ. ಮ್ಯಾಪ್ ಫೈಲ್ ಕೊಡುವುದನ್ನು ಮರೆಯಬೇಡಿ. ಅದಿದ್ದರೆ ಮಧ್ಯೆ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಮೂಲ ಯಾವುದು, ಗುರಿ ಯಾವುದು ಎಂಬುದನ್ನು ಸೀರಿಯಲ್ ನಂಬರ್ ನೋಡಿಯೇ ಖಚಿತಪಡಿಸಿಕೊಳ್ಳಿ, ಅದಲುಬದಲಾದರೆ ಖಾಲಿ ಡಿಸ್ಕಿನ ಪ್ರತಿ ಮೂಲದ ಮೇಲೆ ಕೂರುತ್ತದೆ. ಸೆಕೆಂಡಿಗೆ 100 ಎಂಬಿ ವೇಗದಲ್ಲಿ 1 ಟಿಬಿಗೆ ಸುಮಾರು ಮೂರು ಗಂಟೆ. ಹಳೆಯ ಯುಎಸ್‌ಬಿ 2 ಪೋರ್ಟಿನಲ್ಲಿ ಒಂಬತ್ತು ಗಂಟೆಗೂ ಹೆಚ್ಚು. ವೇಗ ಕೆಬಿಗಳಿಗೆ ಕುಸಿದು ಅಲ್ಲೇ ಉಳಿದರೆ ಹಟ ಹಿಡಿಯದೆ ನಿಲ್ಲಿಸಿ.

ಅಳಿಸಿದ್ದು, ಫಾರ್ಮ್ಯಾಟ್ ಆದದ್ದು ಈ ಬೀದಿಯ ದಿನನಿತ್ಯದ ವ್ಯಾಪಾರ. ಆರ್-ಸ್ಟುಡಿಯೋ, ಯುಎಫ್‌ಎಸ್ ಎಕ್ಸ್‌ಪ್ಲೋರರ್, ಡಿಎಂಡಿಇ ಎಂಬ ರಿಕವರಿ ತಂತ್ರಾಂಶಗಳು ಇವರ ಕೈಯಲ್ಲಿ ಚೆನ್ನಾಗಿ ಪಳಗಿವೆ. ತಕರಾರು ಬರುವುದು ಫಲಿತಾಂಶ ಒಪ್ಪಿಸುವಾಗ. ಎನ್‌ಟಿಎಫ್‌ಎಸ್ (ವಿಂಡೋಸಿನ ಮಾಮೂಲಿ ಫೈಲ್ ಸಿಸ್ಟಮ್) ಡಿಸ್ಕಿನಲ್ಲಿ ಪ್ರತಿ ಫೈಲಿನ ಹೆಸರು, ತಾರೀಕು, ಜಾಗ ಎಲ್ಲ ಎಂಎಫ್‌ಟಿ ಎಂಬ ಪಟ್ಟಿಯಲ್ಲಿರುತ್ತವೆ. ಅದು ಸಿಕ್ಕಿದರೆ ಫೋಲ್ಡರ್ ಸಮೇತ ಎಲ್ಲ ವಾಪಸ್. ಸಿಗದಿದ್ದರೆ ಫೈಲಿನ ತಲೆಬೈಟುಗಳ ಗುರುತು ಹಿಡಿದು ಹೆಕ್ಕುವುದೊಂದೇ ದಾರಿ, ಫೋಟೋರೆಕ್ ಎಂಬ ತಂತ್ರಾಂಶ ಮಾಡುವುದು ಇದನ್ನೇ. ಹೀಗೆ ಹೆಕ್ಕಿದ ಮದುವೆ ಫೋಟೋಗೆ ಹೆಸರು ಹೋದರೂ ಚಿತ್ರ ಉಳಿಯುತ್ತದೆ. ಹೋಟೆಲಿನ ಟ್ಯಾಲಿ ಲೆಕ್ಕ ಉಳಿಯುವುದಿಲ್ಲ. ಕಂಪನಿ ನಂಬರಿನ ಫೋಲ್ಡರಿನಲ್ಲಿ .900 ಅಥವಾ .1800 ಕೊನೆಯ ಫೈಲುಗಳು ತಮ್ಮದೇ ಹೆಸರಿನಲ್ಲಿ ಜೊತೆಗೂಡಿ ಇದ್ದರೆ ಮಾತ್ರ ಟ್ಯಾಲಿ ಅವನ್ನು ತೆರೆಯುತ್ತದೆ. ಆದ್ದರಿಂದ ಹೋಟೆಲಿನವರು ‘ಜಿಬಿ ಎಷ್ಟು ಬಂತು’ ಎಂದು ಕೇಳುವ ಬದಲು ‘ಟ್ಯಾಲಿ ಫೋಲ್ಡರ್ ಹೆಸರು ಸಮೇತ ಬಂತೇ’ ಎಂದು ಕೇಳಬೇಕು. ಯಕ್ಷಗಾನದ ಇಡೀ ರಾತ್ರಿಯ ಎಂಪಿ4 ರೆಕಾರ್ಡಿಂಗ್ ಇನ್ನೊಂದು ತಲೆನೋವು. ಅದರ ಸೂಚಿ ಹೆಚ್ಚಾಗಿ ಫೈಲಿನ ಕೊನೆಯಲ್ಲಿರುತ್ತದೆ, ಫೈಲು ಡಿಸ್ಕಿನಲ್ಲಿ ತುಂಡಾಗಿ ಹರಡಿದ್ದರೆ ಹೆಕ್ಕಿದ ಪ್ರತಿ ಗಾತ್ರದಲ್ಲಿ ಸರಿಯಿದ್ದರೂ ಓಡುವುದಿಲ್ಲ. ಹಣ ಕೊಡುವ ಮುನ್ನ ಮಧ್ಯಕ್ಕೆ ಎಳೆದು ನೋಡಿ.

ಕನ್ನಡಿಗರಿಗಷ್ಟೇ ಬರುವ ಒಂದು ಫಜೀತಿಯೂ ಇದೆ. ಸಂಘದ ಹಳೆಯ ಸ್ಮರಣಸಂಚಿಕೆಯ ವರ್ಡ್ ಫೈಲು ನುಡಿ ಫಾಂಟಿನದಾಗಿದ್ದರೆ, ಆ ಫಾಂಟಿಲ್ಲದ ಅಂಗಡಿಯ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ. ಹುಡುಗ ‘ಕರಪ್ಟ್ ಹೈ’ ಎಂದು ಬದಿಗೆ ಸರಿಸುತ್ತಾನೆ. ಫೈಲು ನೆಟ್ಟಗೇ ಇರುತ್ತದೆ. ಪೆನ್‌ಡ್ರೈವಿನಲ್ಲಿ ನುಡಿ, ಬರಹ ಫಾಂಟುಗಳನ್ನು ಜೊತೆಗೆ ಒಯ್ಯಿರಿ, ಬೇಕಾದ ಫೈಲುಗಳ ಪಟ್ಟಿಯಲ್ಲಿ .ಬಿಆರ್‌ಎಚ್ ಕೊನೆಯವನ್ನೂ ಬರೆದುಕೊಡಿ.

ಬೋರ್ಡ್ ರಿಪೇರಿಯಲ್ಲಿ ಈ ಬೀದಿಗೆ ಐದಕ್ಕೆ ಐದು. 12 ವೋಲ್ಟಿನ ಎಕ್ಸ್‌ಟರ್ನಲ್ ಡಿಸ್ಕಿಗೆ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಚುಚ್ಚಿದಾಗ ಮೊದಲು ಪ್ರಾಣ ಕೊಡುವುದು ಟಿವಿಎಸ್ ಡಯೋಡ್. ಅದು ಶಾರ್ಟ್ ಆಗಿ ಉಳಿದದ್ದನ್ನು ಕಾಯುತ್ತದೆ. ಮಲ್ಟಿಮೀಟರಿನಲ್ಲಿ ಅದರ ಎರಡು ತುದಿಯ ನಡುವೆ ಸೊನ್ನೆಯ ಹತ್ತಿರ ಓಮ್ ತೋರಿಸಿದರೆ ಕಾಯಿಲೆ ಪತ್ತೆ. ಕಿತ್ತು ತೆಗೆದರೆ ಡಿಸ್ಕು ಏಳುತ್ತದೆ, ಆದರೆ ಮುಂದಕ್ಕೆ ರಕ್ಷಣೆಯಿಲ್ಲ, ಸರಿಯಾದ ಅಡಾಪ್ಟರಿನಲ್ಲಿ ಕೂಡಲೇ ನಕಲು ಮಾಡಿಕೊಳ್ಳಬೇಕು. ಇಡೀ ಬೋರ್ಡೇ ಸುಟ್ಟಿದ್ದರೆ ಅದೇ ನಂಬರಿನ ಬೋರ್ಡು ತಂದು ಸ್ಕ್ರೂ ಬಿಗಿದರೆ ಸಾಲದು. ಆಯಾ ಡಿಸ್ಕಿನ ಹೆಡ್‌ಗಳಿಗೆ ಹೊಂದಿಸಿದ ಅಳತೆಗಳು ROM ಚಿಪ್ಪಿನಲ್ಲಿರುತ್ತವೆ (ಮೆಮೊರಿಯ ರ‍್ಯಾಮ್ ಅಲ್ಲ, ಇದು ಬೇರೆ). ಎಂಟು ಕಾಲಿನ ಆ ಚಿಪ್ಪನ್ನು ಬಿಸಿಗಾಳಿಯಲ್ಲಿ ಬಿಡಿಸಿ ಹೊಸ ಬೋರ್ಡಿಗೆ ಬೆಸೆಯಬೇಕು. ವೆಸ್ಟರ್ನ್ ಡಿಜಿಟಲ್ ಬೋರ್ಡುಗಳಲ್ಲಿ ಹೆಚ್ಚಾಗಿ ಯು12 ಎಂದು ಅಚ್ಚಾಗಿರುವ ಜಾಗ ಅದರದು. ಆ ಜಾಗ ಖಾಲಿಯಿದ್ದರೆ ಅದೇ ಮಾಹಿತಿ ದೊಡ್ಡ ಚಿಪ್ಪಿನೊಳಗೆ ಅಡಗಿದೆ ಎಂದರ್ಥ, ಕೆಲಸವೂ ದರವೂ ಒಂದು ಮೆಟ್ಟಿಲು ಏರುತ್ತವೆ. ಹಳೆಯ ಬೋರ್ಡನ್ನು ಎಸೆಯಲು ಬಿಡಬೇಡಿ. ಮೈ ಪಾಸ್‌ಪೋರ್ಟ್ ಡಿಸ್ಕುಗಳಲ್ಲಿ ಇದಕ್ಕಿಂತ ಜಾಸ್ತಿ ಎಚ್ಚರ ಬೇಕು. ಯುಎಸ್‌ಬಿ ಕಿಂಡಿ ಬೋರ್ಡಿನಲ್ಲೇ ಬೆಸೆದಿರುತ್ತದೆ. ಪಾಸ್‌ವರ್ಡ್ ಹಾಕದಿದ್ದರೂ ಬಹಳಷ್ಟು ಮಾದರಿಗಳಲ್ಲಿ ಡೇಟಾ ಗೂಢಲಿಪಿಯಲ್ಲೇ ಇರುತ್ತದೆ. ಸಾಟಾ ಬೋರ್ಡು ಕೂರಿಸಿ ಓದಿದವನಿಗೆ ಸಿಗುವುದು ಕಲಸುಮೇಲೋಗರ.

ಹೆಡ್ ಕೆಲಸದಲ್ಲಿ ಉದಾರವಾಗುವ ಹಾಗಿಲ್ಲ. ಹೆಡ್ಡು ಪ್ಲ್ಯಾಟರಿನಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ಡಿಸ್ಕು ತೆರೆಯುವ ಜಾಗದ ಗಾಳಿ ಹಳೆಯ ಅಳತೆಯ ಕ್ಲಾಸ್ 100 ಇರಬೇಕು, ಅಂದರೆ ಒಂದು ಘನ ಅಡಿಯಲ್ಲಿ ಅರ್ಧ ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣ ನೂರಕ್ಕೆ ಮೀರಬಾರದು. ಫ್ಯಾನ್ ತಿರುಗುವ ಮೇಜಿನ ಮೇಲೆ, ಹೊರಗೆ ಹಾರ್ನ್ ಬಾರಿಸುವ ಬೀದಿಯ ಪಕ್ಕ, ‘ಒಂದು ಸಲ ತೆರೆದು ನೋಡ್ತೀನಿ’ ಎನ್ನುವವನಿಗೆ ಸಮ್ಮತಿಸಿದರೆ ಮುಂದೆ ಯಾವ ಲ್ಯಾಬಿಗೆ ಹೋದರೂ ಅವಕಾಶ ಕುಗ್ಗಿರುತ್ತದೆ. ಬದಲಿ ಹೆಡ್ಡಿಗೆ ದಾನಿ ಡಿಸ್ಕು ಬೇಕು. ಮಾದರಿ ಒಂದೇ ಇದ್ದರೆ ಸಾಲದು, ಡಿಸ್ಕಿನ ಫ್ಯಾಮಿಲಿ, ಹೆಡ್‌ಗಳ ಸಂಖ್ಯೆ, ತಯಾರಾದ ಜಾಗ, ಸಾಧ್ಯವಾದರೆ ತಿಂಗಳೂ ಹೊಂದಬೇಕು. ದಾನಿಯ ಬೆಲೆ ಬಿಲ್ಲಿನಲ್ಲಿ ಸೇರಿದೆಯೇ ಎಂದು ಮೊದಲೇ ಬರೆಸಿಕೊಳ್ಳಿ, ಕೆಲಸ ಕೆಟ್ಟರೂ ಆ ಹಣ ಮರಳದು. ಪ್ಲ್ಯಾಟರಿನ ಮೇಲೆ ಉಂಗುರದಂತೆ ಗೀರು ಬಿದ್ದು ಒಳಗಿನ ಬಿಳಿ ಫಿಲ್ಟರ್ ಕಪ್ಪಾಗಿದ್ದರೆ ಆ ಭಾಗ ಹೋಯಿತು, ಯಾವ ದರಕ್ಕೂ ಬಾರದು. ಇಂಥ ಡಿಸ್ಕಿಗೆ ಸ್ವಂತ ಕ್ಲೀನ್ ರೂಮ್ ಇರುವ ಲ್ಯಾಬೇ ಸರಿ. ‘ಕ್ಲೀನ್ ರೂಮ್ ನಿಮ್ಮದೋ, ಬೇರೆಯವರಿಗೆ ಕಳಿಸುತ್ತೀರೋ’ ಎಂಬ ಪ್ರಶ್ನೆಗೆ ನೇರ ಉತ್ತರ ಕೊಟ್ಟವರಿಗೆ ಕೊಡಿ.

ಎಸ್‌ಎಸ್‌ಡಿಯಿಂದ ಅಳಿಸಿದ್ದಕ್ಕೆ ಹಣ ಸುರಿಯಬೇಡಿ: ಟ್ರಿಮ್ (ಅಳಿಸಿದ ಜಾಗವನ್ನು ಬಿಟ್ಟುಬಿಡುವಂತೆ ಡ್ರೈವಿಗೆ ಹೋಗುವ ಆದೇಶ) ಆದ ಮೇಲೆ ಓದಿದರೆ ಬರುವುದು ಹೆಚ್ಚಾಗಿ ಸೊನ್ನೆಗಳು. ಎಸ್‌ಎಸ್‌ಡಿ ತನ್ನ ಹೆಸರನ್ನು ‘ಸಾಟಾಫರ್ಮ್ ಎಸ್11’ ಎಂದು ತೋರಿಸುತ್ತಿದ್ದರೆ ಕೆಟ್ಟಿರುವುದು ಫೈಸನ್ ಕಂಪನಿಯ ಕಂಟ್ರೋಲರ್ ಚಿಪ್ಪಿನ ಫರ್ಮ್‌ವೇರ್, ಪಿಸಿ-3000 ಇರುವವರಲ್ಲಿ ಆಸೆ ಇಟ್ಟುಕೊಳ್ಳಬಹುದು. ಸಿಸಿಟಿವಿಯ ಡಿಸ್ಕಿನಲ್ಲಿ ಮೇಲೆ ಹೊಸದು ಬರೆದುಹೋದ ದೃಶ್ಯ ಯಾರಿಂದಲೂ ಬಾರದು.

ದರಕ್ಕೆ ಪಟ್ಟಿಯಿಲ್ಲ. ಸಾಫ್ಟ್‌ವೇರ್ ಕೆಲಸ ನಾಲ್ಕಂಕಿಯಲ್ಲಿ ಮುಗಿಯಬೇಕು, ಹೆಡ್ ಕೆಲಸ ಐದಂಕಿಗೆ ಹೋಗುವುದು ನ್ಯಾಯವೇ. ‘ಡೇಟಾ ಬಾರದಿದ್ದರೆ ದುಡ್ಡಿಲ್ಲ’ ಎನ್ನುವುದು ಚಂದ, ಆದರೆ ‘ಡೇಟಾ’ ಎಂದರೆ ನೀವು ಕೊಟ್ಟ ಪಟ್ಟಿಯ ಫೈಲುಗಳು ಎಂದು ರಸೀದಿಯಲ್ಲೇ ಇರಲಿ. ಡಿಸ್ಕಿನ ಸೀರಿಯಲ್ ನಂಬರ್, ಒಪ್ಪಿಸಿದ ತಾರೀಕು, ಸೀಲ್ ಇದೆಯೋ ಒಡೆದಿದೆಯೋ ಎಂಬುದೂ ಇರಲಿ. ಹಣ ಕಟ್ಟುವ ಮೊದಲು ಸೀಗೇಟ್ ಡಿಸ್ಕಾದರೆ ಅದರ ಜೊತೆ ರೆಸ್ಕ್ಯೂ (ಡೇಟಾ ಮರಳಿಸುವ) ಸೇವೆ ಬಂದಿದೆಯೇ ಎಂದು ಸೀರಿಯಲ್ ನಂಬರ್ ಕೊಟ್ಟು ವಿಚಾರಿಸಿ, ಕೆಲವು ಮಾದರಿಗಳಿಗೆ ಅದು ಇರುತ್ತದೆ. ಮರಳಿಸುವಾಗ ಅಂಗಡಿಯಲ್ಲಿ ಉಳಿದ ಪ್ರತಿಯನ್ನು ನಿಮ್ಮೆದುರೇ ಅಳಿಸಲಿ.

ಮಳೆಗಾಲದಲ್ಲಿ ಒಯ್ಯುವಾಗ ಆಂಟಿಸ್ಟ್ಯಾಟಿಕ್ ಚೀಲ, ಅದರ ಸುತ್ತ ಸ್ಪಂಜು, ಹೊರಗೆ ಜಿಪ್ ಕವರ್. ನೆಲಮಹಡಿಗೆ ನೀರು ನುಗ್ಗಿ ನೆನೆದ ಡಿಸ್ಕನ್ನು ಹೇರ್ ಡ್ರೈಯರಿನಲ್ಲಾಗಲಿ ಅಕ್ಕಿಯಲ್ಲಾಗಲಿ ಒಣಗಿಸಬೇಡಿ. ಒಣಗಿದರೆ ಕೊಳೆನೀರಿನ ಮಡ್ಡಿ ಪ್ಲ್ಯಾಟರಿಗೆ ಕಚ್ಚಿಕೊಳ್ಳುತ್ತದೆ. ಒದ್ದೆಯಾಗಿಯೇ ಮುಚ್ಚಿದ ಕವರಿನಲ್ಲಿ, ಕರೆಂಟ್ ತೋರಿಸದೆ, ನೇರ ಕ್ಲೀನ್ ರೂಮ್ ಇರುವವರಿಗೆ ಒಪ್ಪಿಸಿ. ಬೀದಿಗೆ ಬರುವುದಾದರೆ ಭಾನುವಾರ ಬೇಡ, ಬಹುತೇಕ ಶಟರ್‌ಗಳು ಇಳಿದಿರುತ್ತವೆ.