ಏರ್ ರೈಫಲ್‌ಗೆ ಹಗುರ ಟ್ರಿಗರ್ ಹಾಕಿಸೋ ಮುಂಚೆ ಒಂದ್ಸಲ ಇದನ್ನ ಓದಿ

ನೇರವಾಗಿ ವಿಷಯಕ್ಕೆ ಬರುತ್ತೇನೆ. ಬ್ಯಾರೆಲ್ ಬಗ್ಗಿಸಿ ಸ್ಪ್ರಿಂಗ್ ಏರಿಸುವ ಏರ್ ರೈಫಲ್ ನಿಮ್ಮ ಹತ್ತಿರ ಇದ್ದರೆ, ಆನ್‌ಲೈನ್‌ನಲ್ಲಿ ಸಿಗುವ ಹೆಸರೂರಿಲ್ಲದ ಟ್ರಿಗರ್ ಸೆಟ್ ತಂದು ಹಾಕಿಸಬೇಡಿ. ಅದರಲ್ಲೂ ‘ಪ್ರಿಡೇಟರ್ ಹಂಟಿಂಗ್ ಗ್ರೇಡ್, ಬರೀ 400 ಗ್ರಾಂ’, ಅಂದರೆ ಮಾಂಸಾಹಾರಿ ಪ್ರಾಣಿಗಳ ಬೇಟೆಗೆ ಆಗುವಂಥದ್ದು, ಟ್ರಿಗರ್ ಎಳೆಯಲು 400 ಗ್ರಾಂ ಬಲ ಸಾಕು ಅಂತ ಬರೆದುಕೊಂಡು ಮಾರುವ ಮಾಲು. ಅದರ ದೆಸೆಯಿಂದ ನಮ್ಮ ಮನೆಯಲ್ಲಿ ಒಬ್ಬರ ಕೈಗೆ ಹೊಲಿಗೆ ಬಿತ್ತು, ರೈಫಲ್ ಕೆಟ್ಟಿತು, ದುಡ್ಡೂ ಹೋಯಿತು.

ನಮ್ಮದು ಕೋಲಾರ ಜಿಲ್ಲೆ, ಶ್ರೀನಿವಾಸಪುರದ ಕಡೆ ಮಾವಿನ ತೋಟ. ಕೊಯ್ಲು ಮುಗಿದು ವ್ಯಾಪಾರದ ಗಲಾಟೆ ಇಳಿದ ಮೇಲೆ ತೋಟದಲ್ಲಿ ಸಂಜೆ ಹೊತ್ತು ನಾನೂ ನನ್ನ ಭಾವಮೈದನೂ ಗುರಿ ಹೊಡೆಯುತ್ತೇವೆ. ಮರಳು ತುಂಬಿದ ಗೋಣಿಚೀಲ ಪೇರಿಸಿ, ಮುಂದೆ ಪೇಪರ್ ಟಾರ್ಗೆಟ್ ಅಂಟಿಸಿ, 10 ಮೀಟರ್ ಅಳೆದು ನಿಂತರೆ ಆಯಿತು. ಬೇಟೆಗೀಟೆ ಏನೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ರೈಫಲ್ ಕಂಡ ತಕ್ಷಣ ಪಕ್ಕದ ತೋಟದವರು ‘ಗಿಳಿ ಹೊಡೀರಿ, ಕೋತಿ ಹೊಡೀರಿ, ಕೋಳಿ ಕದಿಯೋ ಕಾಡುಬೆಕ್ಕು ಹೊಡೀರಿ’ ಅಂತ ಶುರು ಮಾಡುತ್ತಾರೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಕೊಲ್ಲುವುದಷ್ಟೇ ಅಲ್ಲ, ಕೊಲ್ಲಲು ನೋಡಿದ್ದು, ಗಾಯ ಮಾಡಿದ್ದು ಕೂಡ ಬೇಟೆ ಲೆಕ್ಕವೇ. ಕಾಡುಹಂದಿ ಬೆಳೆ ಹಾಳು ಮಾಡಿದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕೈ ಹಾಕುವ ಹಾಗಿಲ್ಲ. ಅದೂ ಅಲ್ಲದೆ 4.5 ಮಿಲಿಮೀಟರ್ ಪೆಲೆಟ್‌ನಿಂದ (ಏರ್ ರೈಫಲ್‌ನ ಪುಟ್ಟ ಗುಂಡು) ಹಂದಿ ಸಾಯುವುದಿಲ್ಲ, ಸುಮ್ನೆ ಗಾಯ ಆಗಿ ಕೆರಳುತ್ತದೆ ಅಷ್ಟೇ.

ಹಾಗಾದರೆ ‘ಪ್ರಿಡೇಟರ್ ಟ್ರಿಗರ್’ ನಮಗ್ಯಾಕೆ ಬೇಕಿತ್ತು ಅಂತ ಕೇಳಬಹುದು. ಕಾರಣ ಯೂಟ್ಯೂಬ್. ನಮ್ಮ ರೈಫಲ್‌ನ ಕಂಪನಿ ಟ್ರಿಗರ್ ಬಹಳ ಬಿಗಿ. ಸೂಟ್‌ಕೇಸ್ ತೂಗುವ ಡಿಜಿಟಲ್ ಕೊಕ್ಕೆ ಸಿಕ್ಕಿಸಿ ಎಳೆದರೆ ಎರಡೂವರೆ ಕೆಜಿ ಹತ್ತಿರ ತೋರಿಸುತ್ತಿತ್ತು. ಅದೂ ಸಲೀಸಾಗಿ ಬರುತ್ತಿರಲಿಲ್ಲ, ಕೊರಕೊರ ಅಂತ ಎಳೆಯುತ್ತಾ ಹೋಗಬೇಕು, ಯಾವಾಗ ಹಾರುತ್ತದೋ ಗೊತ್ತಾಗುವುದಿಲ್ಲ, ಅಷ್ಟರಲ್ಲಿ ಗುರಿ ಅಲ್ಲಾಡಿರುತ್ತದೆ. ಭಾವಮೈದ ರಾತ್ರಿಯೆಲ್ಲಾ ಅಮೆರಿಕದ ಕಯೋಟಿ ಬೇಟೆಯವರ ವಿಡಿಯೋ ನೋಡುತ್ತಾನೆ. ಅವರ ಬಾಯಲ್ಲಿ ಬರೀ ಟಿಮ್ನಿ, ಟ್ರಿಗರ್‌ಟೆಕ್ (ಎರಡೂ ಟ್ರಿಗರ್ ಮಾಡುವ ಕಂಪನಿಗಳು), ಎರಡು ಪೌಂಡ್, ಎರಡೂವರೆ ಪೌಂಡ್. ‘ಟ್ರಿಗರ್ ಬದಲಾಯಿಸಿ ನೋಡಿ, ರೈಫಲ್ಲೇ ಬದಲಾಗುತ್ತೆ’ ಅನ್ನುವುದೇ ಅವರ ರಾಗ.

ಅವರು ಹೇಳುವುದು ಅವರ ರೈಫಲ್‌ಗೆ ಸುಳ್ಳೇನಲ್ಲ. ಕಯೋಟಿ ಅಂದರೆ ನರಿಗಿಂತ ಸ್ವಲ್ಪ ದೊಡ್ಡದು, ದೂರದಲ್ಲಿ ಒಂದು ಕ್ಷಣ ನಿಂತು ಓಡಿಹೋಗುವ ಪ್ರಾಣಿ. ಅಲ್ಲಿ .223, .22-250 ತರದ ಬೋಲ್ಟ್ ರೈಫಲ್, ಅಂದರೆ ಹಿಡಿ ಎಳೆದು ಮದ್ದುಗುಂಡು ತುಂಬುವ ಬಂದೂಕು ಬಳಸುತ್ತಾರೆ. ಒಳ್ಳೆಯ ಟ್ರಿಗರ್ ಇದ್ದರೆ ಲಾಭ ಖಂಡಿತ ಇದೆ. ಆದರೆ ಆ ಜನರಲ್ಲೇ ತಿಳಿದವರು 400 ಗ್ರಾಂಗೆ ಇಳಿಸುವುದಿಲ್ಲ. ಚಳಿಗೆ ಕೈಗವಸು ಹಾಕಿಕೊಂಡಿರುತ್ತಾರೆ, ಕತ್ತಲಲ್ಲಿ ನಡೆಯುತ್ತಾರೆ, ರೈಫಲ್ ಪಿಕಪ್ ಗಾಡಿಯಲ್ಲಿ ಕುಲುಕುತ್ತಿರುತ್ತದೆ. ಹಾಗಾಗಿ ಎರಡರಿಂದ ಮೂರು ಪೌಂಡ್, ಅಂದರೆ ಸುಮಾರು 900ರಿಂದ 1,360 ಗ್ರಾಂ ಒಳಗೆ ಇಟ್ಟುಕೊಳ್ಳುತ್ತಾರೆ. ವಿಡಿಯೋದಲ್ಲಿ ಈ ಭಾಗ ಬರುವ ಹೊತ್ತಿಗೆ ನಮ್ಮವರು ಸ್ಕಿಪ್ ಮಾಡಿರುತ್ತಾರೆ ಅಲ್ವಾ!

ದೊಡ್ಡ ಕಂಪನಿಗಳಿಗೇ ಟ್ರಿಗರ್ ವಿಷಯದಲ್ಲಿ ಎಡವಟ್ಟಾಗಿದೆ. 2014ರ ಏಪ್ರಿಲ್‌ನಲ್ಲಿ ಅಮೆರಿಕದ ಬಂದೂಕು ಕಂಪನಿ ರೆಮಿಂಗ್ಟನ್ ತನ್ನ ಮಾಡೆಲ್ 700 ಮತ್ತು ಮಾಡೆಲ್ ಸೆವೆನ್ ರೈಫಲ್‌ಗಳನ್ನು ವಾಪಸ್ ಕರೆಸಿಕೊಂಡಿತು. 2006ರಿಂದ 2014ರವರೆಗೆ ತಯಾರಾದ ಎಕ್ಸ್‌ಮಾರ್ಕ್ ಪ್ರೋ ಟ್ರಿಗರ್ ಇದ್ದವು ಅವು. ಜೋಡಿಸುವಾಗ ಅಂಟು ಜಾಸ್ತಿ ಬಿದ್ದು, ಕೆಲವು ರೈಫಲ್ ತನ್ನಷ್ಟಕ್ಕೆ ಹಾರುವ ಸಾಧ್ಯತೆ ಇದೆ ಅಂತ ಅವರೇ ಒಪ್ಪಿಕೊಂಡರು. ಬರೀ ಅಂಟು, ನೋಡಿ. ಪರೀಕ್ಷೆ ಮಾಡುವ ವ್ಯವಸ್ಥೆ ಇರುವ ಕಾರ್ಖಾನೆಯಲ್ಲೇ ಹೀಗಾದರೆ, ಯಾವುದೋ ಶೆಡ್‌ನಲ್ಲಿ ಎರಕ ಹೊಯ್ದು ಮೊಬೈಲ್‌ನಲ್ಲಿ ಫೋಟೋ ತೆಗೆದು ಮಾರುವವನ ಕಥೆ ಏನು?

ಈಗ ಅಸಲಿ ವಿಷಯ. ಬೋಲ್ಟ್ ರೈಫಲ್‌ನಲ್ಲಿ ಟ್ರಿಗರ್‌ನ ಕೊಕ್ಕೆ, ಅಂದರೆ ಸಿಯರ್, ಹಿಡಿದಿಟ್ಟುಕೊಳ್ಳುವುದು ಫೈರಿಂಗ್ ಪಿನ್ನಿನ (ಗುಂಡಿನ ಹಿಂಭಾಗಕ್ಕೆ ಬಡಿಯುವ ಮೊಳೆ) ಚಿಕ್ಕ ಸ್ಪ್ರಿಂಗನ್ನು. ಸ್ಪ್ರಿಂಗ್ ಏರ್ ರೈಫಲ್‌ನಲ್ಲಿ ಅದು ಹಿಡಿದಿಟ್ಟುಕೊಳ್ಳುವುದು ಗಾಳಿ ಒತ್ತುವ ಇಡೀ ಪಿಸ್ಟನ್ನನ್ನು, ಅದರ ಹಿಂದೆ ಅದುಮಿದ ದಪ್ಪ ಸ್ಪ್ರಿಂಗಿನ ಪೂರ್ತಿ ಒತ್ತಡವನ್ನು. ಬ್ಯಾರೆಲ್ ಎಳೆಯುವಾಗ ನಮ್ಮ ಕೈಗೆ ಹದಿನೈದು ಕೆಜಿಯಷ್ಟು ಅನ್ನಿಸಬಹುದು. ಆದರೆ ಬ್ಯಾರೆಲ್ ಉದ್ದದ ಸನ್ನೆಯಾಗಿ ಕೆಲಸ ಮಾಡುತ್ತಿರುತ್ತದೆ, ಒಳಗೆ ಕೊಕ್ಕೆಯ ಮೇಲೆ ಬೀಳುವ ಭಾರ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಅಷ್ಟು ಭಾರ ಹೊತ್ತಿರುವುದು ಉಗುರಂಚಿನಷ್ಟು ಅಗಲದ ಒಂದು ಉಕ್ಕಿನ ಅಂಚು. ಆ ಅಂಚು ಜಾರಿದರೆ ಎರಡು ಅನಾಹುತ. ಬ್ಯಾರೆಲ್ ಮುಚ್ಚಿದ್ದರೆ ಟ್ರಿಗರ್ ಮುಟ್ಟದೆಯೇ ಪೆಲೆಟ್ ಹಾರುತ್ತದೆ. ಬ್ಯಾರೆಲ್ ತೆರೆದಿದ್ದರೆ ಅದು ರಪ್ಪನೆ ಮೇಲಕ್ಕೆ ಬಡಿದು ಮುಚ್ಚಿಕೊಳ್ಳುತ್ತದೆ. ಪೆಲೆಟ್ ತುಂಬುವಾಗ ನಿಮ್ಮ ಹೆಬ್ಬೆರಳು ಇರುವುದು ಸರಿಯಾಗಿ ಆ ಬಾಯಿಯಲ್ಲೇ.

ಇದಕ್ಕೇ ಕೆಲವು ಮಾಡೆಲ್‌ಗಳಲ್ಲಿ ಬ್ಯಾರೆಲ್ ತೆರೆದಿರುವಾಗ ಟ್ರಿಗರ್ ಕೆಲಸ ಮಾಡದ ಹಾಗೆ ಒಂದು ಪುಟ್ಟ ತಡೆ ಇರುತ್ತದೆ. ಎಲ್ಲದರಲ್ಲೂ ಇರುವುದಿಲ್ಲ, ನಮ್ಮದರಲ್ಲಿ ಇತ್ತು. ಭಾವಮೈದ ತರಿಸಿದ ಸೆಟ್ ಆ ತಡೆಗೆ ಜಾಗವನ್ನೇ ಬಿಟ್ಟಿರಲಿಲ್ಲ. ಮಾರಿದವನಿಗೆ ಮೆಸೇಜ್ ಹಾಕಿ ಕೇಳಿದರೆ, ‘ಅದು ಎಕ್ಸ್‌ಟ್ರಾ ಪಾರ್ಟ್ ಸರ್, ತೆಗೆದುಬಿಡಿ, ಎಲ್ಲರೂ ತೆಗೀತಾರೆ’ ಅಂದ. ಕೂರಿಸಿಕೊಡಲು ಅವನೇ ಬೆಂಗಳೂರಿನಲ್ಲಿ ಒಬ್ಬ ಹುಡುಗನನ್ನು ಗೊತ್ತು ಮಾಡಿಕೊಟ್ಟಿದ್ದ. ಆ ಹುಡುಗ ಅದೇ ಮಾತು ಹೇಳಿ, ತಡೆಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಕೈಗೆ ಕೊಟ್ಟು ಕಳಿಸಿದ.

ಶುರುವಿನಲ್ಲಿ ಸ್ವರ್ಗ. ಬೆರಳು ತಾಗಿಸಿದರೆ ಸಾಕು, ಹಾರುತ್ತಿತ್ತು. ಪೇಪರ್ ಮೇಲೆ ತೂತುಗಳು ಒಂದರ ಪಕ್ಕ ಒಂದು ಬೀಳತೊಡಗಿದವು. ಕೆಲವು ವಾರ ಕಳೆದ ಮೇಲೆ ಬ್ಯಾರೆಲ್ ಏರಿಸುವಾಗ ಬರುವ ‘ಕಟಕ್’ ಸದ್ದು ಮಂಕಾಯಿತು. ಆಗಲೇ ನಾನು ಮಾರಿದವನಿಗೆ ಆಡಿಯೋ ರೆಕಾರ್ಡ್ ಮಾಡಿ ಕಳಿಸಿದೆ. ‘ಸೆಟ್ ಆಗ್ತಿದೆ ಸರ್, ನಾರ್ಮಲ್’ ಅಂತ ಉತ್ತರ. ಅದಾದ ಮೇಲೆ ಒಂದು ಭಾನುವಾರ ಭಾವಮೈದ ಬ್ಯಾರೆಲ್ ಬಗ್ಗಿಸಿ, ಎಡಗೈಯಲ್ಲಿ ಅದನ್ನು ಹಿಡಿದುಕೊಂಡೇ, ಬಲಗೈಯಲ್ಲಿ ಪೆಲೆಟ್ ಇಡಲು ಹೋಗಿದ್ದಾನೆ. ಟ್ರಿಗರ್ ಹತ್ತಿರ ಯಾರ ಬೆರಳೂ ಇಲ್ಲ. ರಪ್ ಅಂತ ಬ್ಯಾರೆಲ್ ಮೇಲೆದ್ದಿತು. ಹಿಡಿದುಕೊಂಡಿದ್ದರಿಂದ ವೇಗ ಸ್ವಲ್ಪ ತಗ್ಗಿತು, ಹೆಬ್ಬೆರಳು ಉಳಿಯಿತು. ಆದರೆ ಎಡಗೈ ಜಾರಿ ಫ್ರಂಟ್ ಸೈಟಿನ (ಬ್ಯಾರೆಲ್ ತುದಿಯಲ್ಲಿ ಗುರಿ ನೋಡುವ ಮುಳ್ಳು) ಚೂಪು ಹೆಬ್ಬೆರಳು ತೋರುಬೆರಳಿನ ಮಧ್ಯದ ಚರ್ಮವನ್ನು ಸೀಳಿಕೊಂಡು ಹೋಯಿತು. ಟವೆಲ್ ಸುತ್ತಿ ಬೈಕ್ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆ. ಹೊಲಿಗೆ ಹಾಕಿದರು, ಟಿಟಿ ಚುಚ್ಚಿದರು. ಅತ್ತೆಯ ಬೈಗುಳ ಇನ್ನೂ ನಿಂತಿಲ್ಲ, ಅದು ಬೇರೆ ಕಥೆ.

ರೈಫಲ್ಲಿನ ಬ್ಯಾರೆಲ್ ಮೇಲ್ಮುಖವಾಗಿ ಬಗ್ಗಿತ್ತು. ತೆರೆದ ಬ್ಯಾರೆಲ್ ಹಾಗೆ ಬಡಿದುಕೊಂಡರೆ ಬಗ್ಗುವುದು ಮಾಮೂಲಂತೆ. ಕಟ್ಟಿಗೆಯ ಸ್ಟಾಕ್ ಕೂಡ ಹಿಡಿಯ ಹತ್ತಿರ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು.

ಆಮೇಲೆ ಅನುಭವ ಇರುವ ಬೇರೊಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿದೆವು. ಮನೆಯಲ್ಲಿ ನೀವೇ ಬಿಚ್ಚಲು ಹೋಗಬೇಡಿ. ಸ್ಪ್ರಿಂಗ್ ಏರಿಸದೇ ಇದ್ದಾಗಲೂ ಒಳಗೆ ಅದುಮಿಕೊಂಡೇ ಕೂತಿರುತ್ತದೆ, ಅದನ್ನು ಅದುಮಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಬಿಚ್ಚಿದರೆ ಹಿಂದಿನ ಮುಚ್ಚಳ ಮುಖಕ್ಕೇ ಹಾರಬಹುದು. ಅವರು ಸಿಯರನ್ನು ಟಾರ್ಚ್ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ತೋರಿಸಿದರು. ಚೂಪಾಗಿ ಮೂಲೆ ಇರಬೇಕಾದ ಕಡೆ ಉಜ್ಜಿ ಉಜ್ಜಿ ದುಂಡಗಾಗಿ, ಬಳಸಿದ ಸೋಪಿನ ಅಂಚಿನ ಹಾಗೆ ಹೊಳೆಯುತ್ತಿತ್ತು. ಒಂದು ಸಣ್ಣ ಅರ ತೆಗೆದುಕೊಂಡು ಅದರ ಬದಿಗೆ ಎಳೆದರು. ಅರ ಕಚ್ಚಿಕೊಂಡು ಪುಡಿ ಉದುರಿತು. ಸರಿಯಾಗಿ ಹದ ಕೊಟ್ಟು ಗಟ್ಟಿ ಮಾಡಿದ ಉಕ್ಕಾಗಿದ್ದರೆ ಅರ ಜಾರಿಕೊಂಡು ಹೋಗಬೇಕು. ಕಂಪನಿಯ ಹಳೆಯ ಸಿಯರ್ ಮೇಲೆ ಎಳೆದರೆ ಹಾಗೇ ಜಾರಿತು, ಗೀಚು ಕೂಡ ಬೀಳಲಿಲ್ಲ.

ಇನ್ನೊಂದು ಕೊಳಕು ಕೆಲಸ ಸ್ಕ್ರೂಗಳ ವಿಷಯದಲ್ಲಿ. ಈ ಸೆಟ್ಟಿನಲ್ಲಿ ಒಂದು ಸ್ಕ್ರೂ ಟ್ರಿಗರ್ ಸ್ಪ್ರಿಂಗಿನ ಬಿಗಿ ಕಡಿಮೆ ಮಾಡುತ್ತದೆ, ಇನ್ನೊಂದು ಸಿಯರ್ ಎಷ್ಟು ಆಳಕ್ಕೆ ಕಚ್ಚಬೇಕು ಅನ್ನುವುದನ್ನು ಕಡಿಮೆ ಮಾಡುತ್ತದೆ. ಎರಡನೆಯದನ್ನು ತಿರುಗಿಸಿದರೂ ಟ್ರಿಗರ್ ನಯವಾಗುತ್ತದೆ, ಕೊಂಡವನಿಗೆ ಖುಷಿಯಾಗುತ್ತದೆ. ಆದರೆ ಅದು ನಯವಾಗಿದ್ದು ಹಿಡಿತ ಕಡಿಮೆಯಾಗಿದ್ದಕ್ಕೆ! ಆ ಸ್ಕ್ರೂ ಮೇಲೆ ಥ್ರೆಡ್ ಲಾಕರ್ (ಸ್ಕ್ರೂ ಸಡಿಲವಾಗದ ಹಾಗೆ ಹಾಕುವ ಅಂಟು) ಒಂದು ತೊಟ್ಟೂ ಹಾಕಿರಲಿಲ್ಲ. ಸ್ಪ್ರಿಂಗ್ ರೈಫಲ್ ಹಾರಿದಾಗ ಹಿಂದಕ್ಕೂ ಮುಂದಕ್ಕೂ ಎರಡೂ ಕಡೆ ಒದೆಯುತ್ತದೆ. ರೈಫಲ್ ಮೇಲೆ ಕೂರಿಸುವ ಗಟ್ಟಿಮುಟ್ಟಾದ ಟೆಲಿಸ್ಕೋಪ್‌ಗಳನ್ನೇ ಆ ಒದೆತ ಕೆಡಿಸುತ್ತದೆ, ಇನ್ನು ಲಾಕರ್ ಇಲ್ಲದ ಸ್ಕ್ರೂ ಕೂತ ಜಾಗದಲ್ಲಿ ಇರುತ್ತದಾ? ನಮ್ಮದು ಜರುಗಿತ್ತು. ಮೆದು ಸಿಯರ್, ಕಡಿಮೆ ಕಚ್ಚು, ಜರುಗಿದ ಸ್ಕ್ರೂ, ಕಿತ್ತುಹಾಕಿದ ತಡೆ, ಎಲ್ಲಾ ಸೇರಿಕೊಂಡಿದ್ದವು.

ಮಾರಿದವನಿಗೆ ಫೋಟೋ, ವಿಡಿಯೋ, ಆಸ್ಪತ್ರೆ ಚೀಟಿ ಎಲ್ಲಾ ಕಳಿಸಿದೆವು. ಮೊದಲು ‘ಯೂಸರ್ ಮಿಸ್ಟೇಕ್’ ಅಂದ. ಆಮೇಲೆ ‘ಫಿಟ್ಟಿಂಗ್ ಸರಿ ಇಲ್ಲ’ ಅಂದ. ಫಿಟ್ಟಿಂಗ್ ಮಾಡಿದವನು ನೀನೇ ತೋರಿಸಿದ ಹುಡುಗ ಅಲ್ವಾ ಅಂದರೆ ಬ್ಲಾಕ್ ಮಾಡಿದ. ಬಿಲ್ ಪಾರ್ಸೆಲ್ ಜೊತೆ ಬರುತ್ತದೆ ಅಂದಿದ್ದ, ಬಂದಿರಲಿಲ್ಲ. ದುಡ್ಡು ಹೋಗಿದ್ದು ಯಾರದೋ ಪರ್ಸನಲ್ ಯುಪಿಐಗೆ. ಸದ್ಯ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇವೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವ ಯೋಚನೆಯೂ ಇದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಅಲ್ಲಿ ಶುಲ್ಕ ಇಲ್ಲ, ಕೆಟ್ಟ ಮಾಲಿನಿಂದ ಗಾಯವಾದರೆ ಪರಿಹಾರ ಕೇಳುವ ದಾರಿಯೂ 2019ರ ಕಾಯ್ದೆಯಲ್ಲಿ ಇದೆ. ಹಾಗಾಗಿ ಚಾಟ್ ಮತ್ತು ಪೇಮೆಂಟ್ ಸ್ಕ್ರೀನ್‌ಶಾಟ್ ಯಾವತ್ತೂ ಅಳಿಸಬೇಡಿ.

ಇಷ್ಟಾದರೂ ಟ್ರಿಗರ್ ಬದಲಾಯಿಸಲೇಬೇಕು ಅನ್ನುವವರು ಇರುತ್ತಾರೆ, ಗೊತ್ತು. ನಿಮ್ಮ ಮಾಡೆಲ್‌ಗೇ ಮಾಡಿದ್ದು, ತಯಾರಕರ ಹೆಸರು ಇರುವುದು, ಬಿಲ್ ಕೊಡುವುದು ಮಾತ್ರ ನೋಡಿ. ‘ಎಷ್ಟು ಗ್ರಾಂ’ ಅಂತ ಕೇಳುವ ಮೊದಲು ಸಿಯರ್ ಯಾವ ಉಕ್ಕು, ಬ್ಯಾರೆಲ್ ತಡೆ ಹಾಗೇ ಉಳಿಯುತ್ತದಾ, ಸೇಫ್ಟಿ (ತಪ್ಪಿ ಹಾರದ ಹಾಗೆ ಹಾಕುವ ಬೀಗ) ಹಿಡಿಯುವುದು ಬರೀ ಟ್ರಿಗರನ್ನೋ ಅಥವಾ ಸಿಯರನ್ನೂ ಸೇರಿಸಿಯೋ, ಇದನ್ನು ಕೇಳಿ. ತಡವರಿಸಿದರೆ ಅಲ್ಲಿಗೇ ಬಿಟ್ಟುಬಿಡಿ. ಹಾಕಿಸಿದ ಮೇಲೆ ರೈಫಲ್ ಏರಿಸಿ, ಪೆಲೆಟ್ ತುಂಬಿ, ಬ್ಯಾರೆಲ್ ಮುಚ್ಚಿ, ಮರಳು ಚೀಲದ ಕಡೆಗೇ ಹಿಡಿದುಕೊಂಡು ಹಿಂಭಾಗಕ್ಕೆ ರಬ್ಬರ್ ಸುತ್ತಿಗೆಯಿಂದ ತಟ್ಟಿ, ಟ್ರಿಗರ್ ಮುಟ್ಟದೆಯೇ ಹಾರುತ್ತದಾ ನೋಡಿ. ಖಾಲಿ ಹಾರಿಸಬೇಡಿ, ಪಿಸ್ಟನ್ ಸೀಲ್ ಹೋಗುತ್ತದೆ. ಸೇಫ್ಟಿ ಹಾಕಿ ಟ್ರಿಗರ್ ಎಳೆಯಿರಿ, ಬೆರಳು ತೆಗೆಯಿರಿ, ಆಮೇಲೆ ಸೇಫ್ಟಿ ಬಿಡಿಸಿ. ಆ ಗಳಿಗೆಯಲ್ಲಿ ಹಾರಿದರೆ ಆ ಸೆಟ್ ಕಸದ ಬುಟ್ಟಿಗೆ. ಸ್ಕ್ರೂ ತಿರುಗಿಸಿದಾಗಲೆಲ್ಲಾ ಇದನ್ನೇ ಮತ್ತೆ ಮಾಡಬೇಕು. ಕಂಪನಿ ಟ್ರಿಗರ್ ಇರಲಿ, ಬೇರೆಯದಿರಲಿ, ಬ್ಯಾರೆಲ್ ತೆರೆದಿರುವಷ್ಟು ಹೊತ್ತು ಒಂದು ಕೈ ಅದನ್ನು ಗಟ್ಟಿಯಾಗಿ ಹಿಡಿದೇ ಇರಬೇಕು. ಭಾವಮೈದನ ಹೆಬ್ಬೆರಳು ಉಳಿದಿದ್ದು ಆ ಅಭ್ಯಾಸದಿಂದ.

ಇದೇ ತರದ ಪೇಜ್‌ಗಳು ಟ್ರಿಗರ್ ಜೊತೆ ‘ಪವರ್ ಸ್ಪ್ರಿಂಗ್’ ಕೂಡ ಕಾಂಬೋ ಅಂತ ತಳ್ಳುತ್ತವೆ. ನಮ್ಮಲ್ಲಿ .177 (ಅಂದರೆ 4.5 ಮಿಲಿಮೀಟರ್) ಏರ್ ರೈಫಲ್‌ಗೆ ಲೈಸೆನ್ಸ್ ಬೇಡ ಅನ್ನುವುದು ಪೆಲೆಟ್ ಹಾರುವ ಶಕ್ತಿ 20 ಜೂಲ್ ಒಳಗೆ ಇದ್ದರೆ ಮಾತ್ರ. ಸ್ಪ್ರಿಂಗ್ ಬದಲಾಯಿಸಿ ಅದನ್ನು ದಾಟಿಸಿದರೆ ನೀವು ಶಸ್ತ್ರಾಸ್ತ್ರ ಕಾಯ್ದೆಯೊಳಗೆ ಕಾಲಿಟ್ಟ ಹಾಗೆ. ಬೆಳೆ ಕಾವಲಿಗೆ ಲೈಸೆನ್ಸ್ ಇರುವ 12 ಬೋರ್, .315 ಇಟ್ಟುಕೊಂಡವರಂತೂ ಇಂಥ ಹುಡುಗರ ಕೈಗೆ ಬಂದೂಕು ಕೊಡಲೇಬೇಡಿ. ರಿಪೇರಿ ಮಾಡುವವನಿಗೂ ಲೈಸೆನ್ಸ್ ಇರಬೇಕು ಅನ್ನುತ್ತದೆ 1959ರ ಕಾಯ್ದೆ.

ನಮ್ಮ ರೈಫಲ್‌ಗೆ ಬೇರೆ ಬ್ಯಾರೆಲ್ ಹಾಕಿಸಿ, ಹಳೆಯ ಕಂಪನಿ ಟ್ರಿಗರನ್ನೇ ತಡೆ ಸಮೇತ ವಾಪಸ್ ಕೂರಿಸಿದ್ದೇವೆ. ಮೆಕ್ಯಾನಿಕ್ ಸಿಯರ್‌ಗೆ ಮಾಲಿಬ್ಡಿನಮ್ ಗ್ರೀಸ್ ಸವರಿ, ಸಡಿಲವಾಗಿದ್ದ ಸ್ಟಾಕ್ ಸ್ಕ್ರೂಗಳನ್ನು ಬಿಗಿ ಮಾಡಿಕೊಟ್ಟರು. ಟ್ರಿಗರ್ ಎಳೆಯುವ ತೂಕ ಹೆಚ್ಚೇನೂ ಇಳಿದಿಲ್ಲ, ಆದರೆ ಕೊರಕೊರ ಹೋಯಿತು. ಪೆಲೆಟ್ ಬ್ರ್ಯಾಂಡ್ ಬದಲಾಯಿಸಿದ್ದಕ್ಕೆ ಪೇಪರ್ ಮೇಲಿನ ತೂತುಗಳ ಗುಂಪು ಇನ್ನೂ ಚಿಕ್ಕದಾಯಿತು. ಇದಕ್ಕೆಲ್ಲಾ ಆದ ಖರ್ಚು, ಬ್ಯಾರೆಲ್ ಬಿಟ್ಟರೆ, ಆ ಟ್ರಿಗರ್ ಸೆಟ್ಟಿನ ಬೆಲೆಗಿಂತ ಕಡಿಮೆ.

ಆ ಮಾರಾಟಗಾರ ಈಗ ಬೇರೆ ಹೆಸರಿನಲ್ಲಿ ಪೇಜ್ ತೆರೆದಿದ್ದಾನೆ. ಫೋಟೋ ಮಾತ್ರ ಅವೇ: ಹಸಿರು ಮ್ಯಾಟ್ ಮೇಲೆ ಚಿನ್ನದ ಬಣ್ಣದ ಟ್ರಿಗರ್, ಪಕ್ಕದಲ್ಲಿ ಗ್ರಾಂ ತೋರಿಸುವ ಡಿಜಿಟಲ್ ಕೊಕ್ಕೆ, ಕೆಳಗೆ ‘ಓನ್ಲಿ ಯುಪಿಐ, ನೋ ಸಿಒಡಿ’. ಕಂಡರೆ ರಿಪೋರ್ಟ್ ಹೊಡೆಯಿರಿ. ನಿಮಗೂ ಅವನಿಂದ ಇಂಥದ್ದೇ ಆಗಿದ್ದರೆ ತಿಳಿಸಿ, ದೂರಿಗೆ ಒಟ್ಟಿಗೆ ಸೇರಿಸಿಕೊಳ್ಳೋಣ.